ವ್ರಣವೂ ಧನುಸ್ಸೂ: ಡಿಕನ್ಸನ ಬಾಲ್ಯಕ್ಲೇಶವನ್ನು ಕುರಿತು ಒಂದು ವಿಮರ್ಶೆ

ಶೋಕವು ಶ್ಲೋಕವಾಯಿತೆಂಬ ಆದಿಕವಿಯ ವೃತ್ತಾಂತವು ಸಾಹಿತ್ಯವಿದ್ಯಾರ್ಥಿಗಳೆಲ್ಲರಿಗೂ ವಿದಿತವಾದುದು. ಅದರ ಆಧಾರದಿಂದಲೋ ಎಂಬಂತೆ ಒಂದು ಅಭಿಪ್ರಾಯವು ಪಾಠಶಾಲೆಗಳಲ್ಲಿಯೂ ಸಭೆಗಳಲ್ಲಿಯೂ ಬಹುಕಾಲದಿಂದ ಸಂಚರಿಸುತ್ತಿದೆ: ದುಃಖವನ್ನು ಉಂಡವನೇ ಕವಿಯಾಗುವನು, ಎಳೆಯ ವಯಸ್ಸಿನಲ್ಲಿ ನೊಂದವನೇ ಮುಂದೆ ಬೆಳಗುವನು. ‘ಬೆಂದರೆ ಬೇಂದ್ರೆ’ ಎಂಬ ಮಾತು ಕನ್ನಡಿಗರ ಬಾಯಲ್ಲಿ ಗಾದೆಯಂತೆಯೇ ನಿಂತಿದೆ. ಮಾತಿನ ಚಮತ್ಕಾರವನ್ನು ಮೆಚ್ಚಬಹುದು. ಆದರೆ ಅದನ್ನು ಸಿದ್ಧಾಂತವೆಂದು ಗ್ರಹಿಸಿದಲ್ಲಿ ಒಂದು ಪ್ರಶ್ನೆಯು ಏಳದೆ ಇರದು. ಬೆಂದವರೆಲ್ಲರೂ ಬೇಂದ್ರೆಯಾದರೆ? ಆಗದೆ ಬೂದಿಯಾದವರ ಲೆಕ್ಕವನ್ನು ಇಟ್ಟವರಾರು? ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಆಂಗ್ಲ ಕಾದಂಬರಿಕಾರನಾದ ಚಾರ್ಲ್ಸ್ ಡಿಕನ್ಸನ ಬಾಲ್ಯಕ್ಕಿಂತ ತಕ್ಕ ಉದಾಹರಣೆಯು ಸುಲಭವಾಗಿ ದೊರೆಯದು. ಏಕೆಂದರೆ ಮೇಲಿನ ಅಭಿಪ್ರಾಯವನ್ನು ಸಮರ್ಥಿಸುವವರು ಹೆಚ್ಚಾಗಿ ಮುಂದಿಡುವ ಸಾಕ್ಷಿಯೂ ಅವನೇ.

ಅಮೆರಿಕದ ವಿಮರ್ಶಕನಾದ ಎಡ್ಮಂಡ್ ವಿಲ್ಸನನು 1941ರಲ್ಲಿ ‘ವ್ರಣ ಮತ್ತು ಧನುಸ್ಸು’ ಎಂಬರ್ಥದ ಹೆಸರಿನಿಂದ ಪ್ರಬಂಧಸಂಕಲನವೊಂದನ್ನು ಪ್ರಕಟಿಸಿದನು. ಅದರಲ್ಲಿ ಡಿಕನ್ಸನನ್ನು ಕುರಿತ ದೀರ್ಘಪ್ರಬಂಧವೊಂದುಂಟು. ಹೆಸರಿಗೆ ಮೂಲವು ಗ್ರೀಕ್ ನಾಟಕಕಾರ ಸಾಫೊಕ್ಲೀಸನ ‘ಫಿಲೊಕ್ಟೀಟಿಸ್’. ಸರ್ಪದಂಶದಿಂದ ವಾಸಿಯಾಗದ ವ್ರಣವನ್ನು ಪಡೆದು, ಅದರ ದುರ್ಗಂಧದ ಕಾರಣದಿಂದ ಸಂಗಡಿಗರಿಂದ ದ್ವೀಪವೊಂದರಲ್ಲಿ ತ್ಯಜಿಸಲ್ಪಟ್ಟ ವೀರನ ಕೈಯಲ್ಲಿಯೇ, ಟ್ರಾಯ್ ನಗರವನ್ನು ಗೆಲ್ಲಲು ಬೇಕಾದ ಅಮೋಘ ಧನುಸ್ಸೂ ಇದ್ದಿತು. ವ್ರಣವನ್ನು ಬಿಟ್ಟು ಧನುಸ್ಸನ್ನು ಪಡೆಯಲಾಗದೆಂಬುದು ವಿಲ್ಸನನು ಈ ಕಥೆಯಲ್ಲಿ ಕಂಡ ಅರ್ಥ. ಡಿಕನ್ಸನ ಸಮಗ್ರ ಸಾಹಿತ್ಯವೂ, ಸೆರೆಮನೆಗಳಲ್ಲಿಯೂ ಅಪರಾಧಿಗಳಲ್ಲಿಯೂ ಅವನಿಗಿದ್ದ ಬಿಡದ ಆಸಕ್ತಿಯೂ, ಬಾಲ್ಯದ ಒಂದು ಆಘಾತದಿಂದ ಹೊರಟವೆಂದು ಅವನು ವಾದಿಸಿದನು. ಡಿಕನ್ಸನನ್ನು ಕೇವಲ ವಿನೋದಗಾರನೆಂದು ಎಣಿಸುತ್ತಿದ್ದವರ ಕಣ್ಣನ್ನು ಈ ಪ್ರಬಂಧವು ತೆರೆಯಿಸಿತೆಂಬುದು ನಿಜ. ಆ ಉಪಕಾರವನ್ನು ಒಪ್ಪಿಯೇ ವಾದವನ್ನು ಪರೀಕ್ಷಿಸುವುದು ನ್ಯಾಯ.

ಆಘಾತದ ವಿವರಗಳು ಹೀಗಿವೆ. 1812ರಲ್ಲಿ ಹುಟ್ಟಿದ ಡಿಕನ್ಸನು ಹನ್ನೆರಡು ವರ್ಷ ತುಂಬಿದೊಡನೆ, ಅಂದರೆ 1824ರ ಫೆಬ್ರವರಿಯಲ್ಲಿ, ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿದ್ದ ಬೂಟಿನ ಮಸಿಯ ಕಾರ್ಖಾನೆಯೊಂದಕ್ಕೆ ಕೂಲಿಯಾಗಿ ಕಳುಹಿಸಲ್ಪಟ್ಟನು. ಮಸಿಯ ಕುಡಿಕೆಗಳಿಗೆ ಕಾಗದವನ್ನು ಹೊದಿಸಿ, ದಾರದಿಂದ ಕಟ್ಟಿ, ಅಂಚನ್ನು ಸಮನಾಗಿ ಕತ್ತರಿಸಿ, ಹೆಸರಿನ ಚೀಟಿಯನ್ನು ಅಂಟಿಸುವುದು ಅವನ ಕೆಲಸ. ವಾರಕ್ಕೆ 6 ಷಿಲಿಂಗ್ ಕೂಲಿ. ಅದೇ ತಿಂಗಳಿನಲ್ಲಿ 40 ಪೌಂಡು ಚಿಲ್ಲರೆ ಸಾಲಕ್ಕಾಗಿ ತಂದೆಯು ಮಾರ್ಷಲ್‌ಸೀ ಎಂಬ ಸಾಲಗಾರರ ಸೆರೆಮನೆಯನ್ನು ಸೇರಿದನು. ಮೇ ತಿಂಗಳಿನಲ್ಲಿ ತಂದೆಗೆ ಬಿಡುಗಡೆಯಾದರೂ ಮಗನಿಗೆ ಆಗಲಿಲ್ಲ. ತಂದೆಯು ಕಾರ್ಖಾನೆಯ ಸಂಬಂಧಿಕನೊಡನೆ ಜಗಳವಾಡಿ ಹುಡುಗನನ್ನು ಬಿಡಿಸಿದಾಗ, ತಾಯಿಯು ಅವನನ್ನು ಮರಳಿ ಅಲ್ಲಿಗೇ ಕಳುಹಿಸಲು ಯತ್ನಿಸಿದಳು. ತಂದೆಯ ಮಾತು ನಡೆದು ಹುಡುಗನು ಶಾಲೆಗೆ ಹೋದನು. ತಾಯಿಯ ಆ ಯತ್ನವನ್ನು ಮಾತ್ರ ಅವನು ಎಂದಿಗೂ ಮರೆಯಲಿಲ್ಲ.

ಈ ಘಟನೆಯ ಅನಂತರದ ಮೌನವು ಘಟನೆಗಿಂತಲೂ ಗಮನಾರ್ಹವಾದುದು. ಇಪ್ಪತ್ತು ವರ್ಷಗಳಿಗೂ ಮೀರಿ ಡಿಕನ್ಸನು ಇದನ್ನು ಯಾರಲ್ಲಿಯೂ ಆಡಲಿಲ್ಲ; ತಂದೆತಾಯಿಗಳೂ ಆ ವಿಷಯದಲ್ಲಿ ಮೂಕರಾದರು. 1847ರ ಸುಮಾರಿನಲ್ಲಿ ಮಿತ್ರನಾದ ಜಾನ್ ಫಾರ್ಸ್ಟರನ ಒಂದು ಆಕಸ್ಮಿಕ ಪ್ರಶ್ನೆಯಿಂದ ಮೌನವು ಒಡೆದು ಆತ್ಮಕಥೆಯ ತುಣುಕೊಂದು ಹುಟ್ಟಿತು. 1870ರಲ್ಲಿ ಡಿಕನ್ಸನು ತೀರಿಕೊಂಡಮೇಲೆ, ಫಾರ್ಸ್ಟರನು ಬರೆದ ಜೀವನಚರಿತ್ರೆಯಲ್ಲಿಯೇ ಲೋಕವು ಅದನ್ನು ಓದಿತು. ಅದರಲ್ಲಿ ಅವನು ಆ ಕೆಲಸದಲ್ಲಿ ಎಷ್ಟು ಕಾಲವಿದ್ದೆನೆಂಬುದೇ ತನಗೆ ತಿಳಿಯದೆಂದು ಹೇಳುತ್ತಾನೆ. ಹಳೆಯ ಕಟ್ಟಡಗಳು ನೆಲಸಮವಾಗುವವರೆಗೆ ಆ ಸ್ಥಳಕ್ಕೆ ಕಾಲಿಡಲು ಧೈರ್ಯವಾಗಲಿಲ್ಲವೆಂದೂ, ಮಸಿಯ ಕುಡಿಕೆಗಳ ವಾಸನೆಯನ್ನು ತಾಳಲಾರದೆ ಬೀದಿಯ ಆಚೆಯ ಮಗ್ಗುಲಿಗೆ ದಾಟುತ್ತಿದ್ದನೆಂದೂ, ತನ್ನ ಹಿರಿಯ ಮಗುವು ಮಾತನಾಡಲು ಕಲಿತ ಮೇಲೆಯೂ ಆ ದಾರಿಯು ತನಗೆ ಕಣ್ಣೀರು ತರಿಸುತ್ತಿದ್ದಿತೆಂದೂ ಒಪ್ಪಿಕೊಳ್ಳುತ್ತಾನೆ. ಕೀರ್ತಿಯ ಶಿಖರದಲ್ಲಿದ್ದ ಪುರುಷನ ದೇಹವು ಹನ್ನೆರಡರ ಬಾಲಕನ ಭಯವನ್ನು ಮರೆತಿರಲಿಲ್ಲ.

ದೇಹವು ಹೀಗೆ ಮರೆಯದಿರುವುದು ಕವಿಗಳ ವಿಶೇಷವೇನೂ ಅಲ್ಲ. 1998ರಲ್ಲಿ ಫೆಲಿಟ್ಟಿ, ಆಂಡ ಮೊದಲಾದ ವೈದ್ಯರು ಅಮೆರಿಕದ ಸ್ಯಾನ್ ಡಿಯೇಗೊ ನಗರದಲ್ಲಿ 9,508 ವಯಸ್ಕರನ್ನು ಪ್ರಶ್ನಿಸಿ ನಡೆಸಿದ ಸಂಶೋಧನೆಯನ್ನು ಪ್ರಕಟಿಸಿದರು. ಬಾಲ್ಯದ ಹಿಂಸೆ, ತಾಯಿಯ ಮೇಲಿನ ದೌರ್ಜನ್ಯ, ಮನೆಯವರ ಮದ್ಯವ್ಯಸನ, ಮನೋರೋಗ, ಸೆರೆವಾಸ ಇವೇ ಮೊದಲಾದ ಏಳು ಬಗೆಯ ಕ್ಲೇಶಗಳನ್ನು ಅವರು ಎಣಿಸಿದರು. ನಾಲ್ಕು ಅಥವಾ ಹೆಚ್ಚಿನ ಬಗೆಯವನ್ನು ಅನುಭವಿಸಿದವರಲ್ಲಿ ಮದ್ಯವ್ಯಸನ, ವಿಷಣ್ಣತೆ, ಆತ್ಮಹತ್ಯೆಯ ಯತ್ನ ಇವುಗಳ ಅಪಾಯವು, ಏನನ್ನೂ ಅನುಭವಿಸದವರಿಗಿಂತ 4ರಿಂದ 12 ಪಟ್ಟು ಅಧಿಕವಾಗಿದ್ದಿತು. ಹೃದ್ರೋಗ, ಕ್ಯಾನ್ಸರ್, ಶ್ವಾಸಕೋಶದ ರೋಗಗಳೂ ಕ್ಲೇಶದ ಎಣಿಕೆಯೊಡನೆ ಮೆಟ್ಟಲುಮೆಟ್ಟಲಾಗಿ ಏರಿದವು. ಇಂತಹ ಅಂಕಿಗಳು ಸಮುದಾಯವನ್ನು ಕುರಿತವು; ಒಬ್ಬನ ಹಣೆಯಬರಹವನ್ನು ಅವು ಹೇಳಲಾರವು. ಡಿಕನ್ಸನು ಐವತ್ತೆಂಟರಲ್ಲಿ ತೀರಿಕೊಂಡುದಕ್ಕೆ ಮಸಿಯ ಕಾರ್ಖಾನೆಯನ್ನು ಕಾರಣವೆನ್ನುವುದು ಸಾಹಸವೇ ಸರಿ. ಆದರೂ ಇಷ್ಟು ಸ್ಪಷ್ಟ: ಬಾಲ್ಯದ ವ್ರಣವು ಸಾಮಾನ್ಯವಾಗಿ ಕೊಡುವುದು ವ್ಯಾಧಿಯನ್ನು, ಧನುಸ್ಸನ್ನಲ್ಲ.

ಹಾಗಾದರೆ ಧನುಸ್ಸು ಎಲ್ಲಿಂದ ಬಂದಿತು? ಸಾಫೊಕ್ಲೀಸನ ನಾಟಕವೇ ಇದಕ್ಕೆ ಉತ್ತರವನ್ನು ಕೊಡುತ್ತದೆ. ಫಿಲೊಕ್ಟೀಟಿಸನ ಧನುಸ್ಸು ಅವನ ವ್ರಣದಿಂದ ಹುಟ್ಟಿದುದಲ್ಲ. ಮರಣವೇದನೆಯಲ್ಲಿದ್ದ ಹೆರಾಕ್ಲೀಸನ ಚಿತೆಗೆ ಅಗ್ನಿಯನ್ನಿಟ್ಟ ಉಪಕಾರಕ್ಕಾಗಿ, ಸರ್ಪವು ಕಚ್ಚುವುದಕ್ಕೆ ಮೊದಲೇ, ಅವನಿಗೆ ಬಂದ ದಾನವದು. ವ್ರಣವೂ ಧನುಸ್ಸೂ ಒಬ್ಬನಲ್ಲಿಯೇ ಸೇರಿದುವೆಂಬುದು ಸತ್ಯ. ಒಂದು ಮತ್ತೊಂದಕ್ಕೆ ಕಾರಣವೆಂಬುದು ನಾಟಕದಲ್ಲಿಲ್ಲ. ಡಿಕನ್ಸನ ವಿಷಯದಲ್ಲಿಯೂ ಹಾಗೆಯೇ. ಕಾರ್ಖಾನೆಗೆ ಮೊದಲು ಚಾಥಮ್ ಎಂಬ ಊರಿನಲ್ಲಿ ಅವನಿಗೆ ಸುಖದ ವರ್ಷಗಳಿದ್ದುವು. ಮೊದಲ ಅಕ್ಷರಗಳನ್ನು ಕಲಿಸಿದವಳು, ಮುಂದೆ ಅವನು ಕ್ಷಮಿಸಲಾರದೆ ಹೋದ ಆ ತಾಯಿಯೇ. ಮಹಡಿಯ ಸಣ್ಣ ಕೋಣೆಯಲ್ಲಿ ತಂದೆಯ ಪುಸ್ತಕಗಳಿದ್ದುವು: ಫೀಲ್ಡಿಂಗ್, ಸ್ಮಾಲೆಟ್, ಗೋಲ್ಡ್‌ಸ್ಮಿತ್, ಡಾನ್ ಕ್ವಿಕ್ಸೋಟ್, ರಾಬಿನ್ಸನ್ ಕ್ರೂಸೊ, ಅರೇಬಿಯನ್ ಕಥೆಗಳು. ವಿಲಿಯಂ ಗೈಲ್ಸ್ ಎಂಬ ಉಪಾಧ್ಯಾಯನು ಹುಡುಗನ ಶಕ್ತಿಯನ್ನು ಗುರುತಿಸಿ ಆದರಿಸಿದನು. ಬಾಣಗಳು ಆಗಲೇ ಬತ್ತಳಿಕೆಯಲ್ಲಿ ತುಂಬಿದ್ದುವು.

ಕಾರ್ಖಾನೆಯ ಒಳಗೂ ಒಂದು ದಾನವು ನಡೆಯಿತು. ಒಂದು ದಿನ ಹಳೆಯ ಪಕ್ಕೆನೋವು ಮರುಕಳಿಸಿ ಡಿಕನ್ಸನು ನೆಲದ ಮೇಲೆ ಹೊರಳಾಡಿದಾಗ, ಬಾಬ್ ಫೇಗಿನ್ ಎಂಬ ಅನಾಥನಾದ ಜೊತೆಗಾರನು ಅವನನ್ನು ಹುಲ್ಲಿನ ಮೇಲೆ ಮಲಗಿಸಿ, ಖಾಲಿ ಮಸಿಶೀಶೆಗಳಿಗೆ ಬಿಸಿನೀರನ್ನು ತುಂಬಿ ಅರ್ಧದಿನವೂ ಶಾಖವನ್ನು ಕೊಟ್ಟನು. ಸಂಜೆ ಮನೆಯವರೆಗೆ ಬಿಡುವೆನೆಂದು ಹಟ ಹಿಡಿದನು. ತಂದೆಯಿರುವ ಸೆರೆಮನೆಯನ್ನು ತೋರಿಸಲು ನಾಚಿದ ಡಿಕನ್ಸನು, ಯಾರದೋ ಮನೆಯ ಮೆಟ್ಟಲಿನ ಬಳಿ ಅವನನ್ನು ಬೀಳ್ಕೊಟ್ಟು, ಅವನು ತಿರುಗಿ ನೋಡಿದರೆ ನಂಬಲೆಂದು ಬಾಗಿಲನ್ನೂ ತಟ್ಟಿ, ತೆರೆದ ಹೆಂಗಸನ್ನು ಇದು ರಾಬರ್ಟ್ ಫೇಗಿನರ ಮನೆಯೇ ಎಂದು ಕೇಳಿದನು. ಇಂತಹ ಉಪಕಾರಿಯ ಹೆಸರನ್ನು ಮುಂದೆ ‘ಆಲಿವರ್ ಟ್ವಿಸ್ಟ್’ ಕಾದಂಬರಿಯಲ್ಲಿ ಮಕ್ಕಳಿಗೆ ಕಳ್ಳತನವನ್ನು ಕಲಿಸುವ ಖಳನಿಗೆ ಇಟ್ಟುದು ವಿಮರ್ಶಕರನ್ನು ಬಹಳವಾಗಿ ಕಾಡಿದೆ. ಶುಶ್ರೂಷೆಯನ್ನು ಸ್ವೀಕರಿಸುವುದೆಂದರೆ ತಾನೂ ಆ ಕೂಲಿಮಕ್ಕಳಲ್ಲಿ ಒಬ್ಬನೆಂದು ಒಪ್ಪಿದಂತೆ. ಆ ಭಯವೇ ಹೆಸರನ್ನು ಕಪ್ಪಾಗಿಸಿತೆಂದು ಊಹಿಸುವುದು ಅಸಂಗತವಾಗದು. ಅವಮಾನವು ಉಪಕಾರದ ನೆನಪನ್ನೂ ಕೆಡಿಸಬಲ್ಲುದು.

‘ಡೇವಿಡ್ ಕಾಪರ್‌ಫೀಲ್ಡ್’ (1849-50) ಕಾದಂಬರಿಯಲ್ಲಿ ಡಿಕನ್ಸನು ತನ್ನ ತುಣುಕಿನ ವಾಕ್ಯಗಳನ್ನೇ ಕೆಲವೆಡೆ ಎತ್ತಿಕೊಂಡು, ಮಸಿಯ ಕುಡಿಕೆಗಳಿಗೆ ಬದಲಾಗಿ ಮದ್ಯದ ಶೀಶೆಗಳನ್ನು ಇರಿಸಿದನು. ಆದರೆ ಮುಖ್ಯವಾದ ವ್ಯತ್ಯಾಸವು ಶೀಶೆಗಳಲ್ಲಿಲ್ಲ. ಡೇವಿಡನು ಓಡಿಹೋಗಿ, ಕಾಲ್ನಡೆಯಲ್ಲಿ ಡೋವರ್ ಊರನ್ನು ಸೇರಿ, ತಂದೆಯ ಸೋದರತ್ತೆಯಾದ ಬೆಟ್ಸಿ ಟ್ರಾಟ್‌ವುಡ್‌ಳ ತೋಟದಲ್ಲಿ ಚಿಂದಿಬಟ್ಟೆಯಲ್ಲಿ ನಿಲ್ಲುತ್ತಾನೆ. ಅವಳು ಸ್ನಾನಮಾಡಿಸುತ್ತಾಳೆ, ಉಣಿಸುತ್ತಾಳೆ, ಮಲತಂದೆಯನ್ನು ಎದುರಿಸಿ ಕಳುಹಿಸುತ್ತಾಳೆ, ಹುಡುಗನಿಗೆ ಹೊಸ ಹೆಸರನ್ನೂ ಶಾಲೆಯನ್ನೂ ಕೊಡುತ್ತಾಳೆ. ಜೀವನದಲ್ಲಿ ದೊರೆಯದುದನ್ನು ಕಲೆಯು ಇಲ್ಲಿ ತಂದುಕೊಟ್ಟಿತು. ಇದನ್ನು ಕೇವಲ ಮನೋರಥವೆಂದು ತಳ್ಳಿಹಾಕಲಾಗದು. ಹವಾಯಿಯ ಕೌವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್, ರೂತ್ ಸ್ಮಿತ್ ಎಂಬ ವಿದುಷಿಯರು ದಶಕಗಳ ಕಾಲ ಅನುಸರಿಸಿ ನೋಡಿದರು. ದಾರಿದ್ರ್ಯ, ಕಲಹ ಮೊದಲಾದ ಹಲವು ಅಪಾಯಗಳ ನಡುವೆ ಬೆಳೆದವರಲ್ಲಿಯೂ ಸುಮಾರು ಮೂರರಲ್ಲೊಂದು ಪಾಲು ಸಮರ್ಥರಾಗಿ ಬಾಳಿದರು. ಅವರ ಸ್ವಭಾವವೂ ಸಹಾಯಕವಾಗಿದ್ದಿತು; ಆದರೆ ಅಜ್ಜಿಯೋ ನೆರೆಯವರೋ ಉಪಾಧ್ಯಾಯರೋ, ಬಿಡದೆ ನಿಂತ ಒಬ್ಬ ಹಿರಿಯರ ವಾತ್ಸಲ್ಯವು ಅವರ ಬಾಳಿನಲ್ಲಿ ಪದೇಪದೇ ಕಂಡುಬಂದಿತು. ಬೆಟ್ಸಿಯ ಬಾಗಿಲು ಕಲ್ಪನೆಯಾದರೂ ಸುಳ್ಳಲ್ಲ.

ಭಾರತಕಥೆಯನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಉದ್ಯೋಗಪರ್ವದಲ್ಲಿ ಶ್ರೀಕೃಷ್ಣನು ಜನ್ಮರಹಸ್ಯವನ್ನು ತಿಳಿಸಿ ರಾಜ್ಯವನ್ನು ಮುಂದೊಡ್ಡಿದಾಗ ಕರ್ಣನು ನೆನೆಯುವುದು ತನ್ನನ್ನು ನೀರಿಗೆ ಬಿಟ್ಟವಳನ್ನು ಮಾತ್ರವಲ್ಲ. ಎತ್ತಿಕೊಂಡೊಡನೆ ವಾತ್ಸಲ್ಯದಿಂದ ಹಾಲು ಸುರಿಸಿದ ರಾಧೆಯನ್ನು ಅವನು ಬಿಡಲಾರನು. ಕರ್ಣನ ಔದಾರ್ಯವು ತ್ಯಾಗಕ್ಕೊಳಗಾದುದರಿಂದ ಬಂದುದೋ, ರಾಧೆಯ ಹಾಲಿನಿಂದ ಬಂದುದೋ ಎಂದು ಕೇಳಿದರೆ ರಾಧೇಯನೆಂಬ ಹೆಸರೇ ಉತ್ತರವಾಗಿ ನಿಲ್ಲುತ್ತದೆ. ಗಾಯವೂ ಮಾಯಲಿಲ್ಲವೆಂಬುದು ಅವನ ದುರಂತ.

ಡಿಕನ್ಸನಲ್ಲಿ ದೋಷವಿಲ್ಲವೆಂದಲ್ಲ. ಡೇವಿಡನು ಹೊರಟುಹೋದಮೇಲೆ ಅವನೊಡನೆ ಶೀಶೆ ತೊಳೆಯುತ್ತಿದ್ದ ಮಿಕ್ ವಾಕರನೂ ‘ಮೀಲಿ ಪೊಟೇಟೋಸ್’ ಎಂಬ ಅಡ್ಡಹೆಸರಿನ ಹುಡುಗನೂ ಏನಾದರೆಂಬುದನ್ನು ಕಾದಂಬರಿಯು ವಿಚಾರಿಸುವುದಿಲ್ಲ. ಒಬ್ಬ ಮಗುವಿನ ಉದ್ಧಾರದ ಸಂತೋಷದಲ್ಲಿ ಮಿಕ್ಕ ಮಕ್ಕಳು ಮರೆತುಹೋದರು. ಆದರೆ ಗ್ರಂಥಕರ್ತನು ಅಲ್ಲಿಗೇ ನಿಲ್ಲಲಿಲ್ಲ. ‘ಬ್ಲೀಕ್ ಹೌಸ್’ (1852-53) ಕಾದಂಬರಿಯ ಬೀದಿಗುಡಿಸುವ ಜೋ ಎಂಬ ಹುಡುಗನಿಗೆ ಯಾವ ಬಾಗಿಲೂ ಕಾಲಕ್ಕೆ ತೆರೆಯುವುದಿಲ್ಲ, ಅವನು ಸಾಯುತ್ತಾನೆ. ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ (1860-61) ಬರೆಯುವ ಮೊದಲು ಡಿಕನ್ಸನು ಪುನರುಕ್ತಿಯಾಗದಿರಲೆಂದು ‘ಡೇವಿಡ್ ಕಾಪರ್‌ಫೀಲ್ಡ್’ ಅನ್ನು ಮತ್ತೆ ಓದಿದನು. ಅದರ ನಾಯಕ ಪಿಪ್ ತನ್ನನ್ನು ಪ್ರೀತಿಸಿದ ಕಮ್ಮಾರ ಜೋ ಗಾರ್ಜರಿಯನ್ನು ಕಂಡು ನಾಚುತ್ತಾನೆ. ಆ ನಾಚಿಕೆಗಾಗಿ ಕೊನೆಯಲ್ಲಿ ಪಶ್ಚಾತ್ತಾಪಪಡುತ್ತಾನೆ. ಬಾಬ್ ಫೇಗಿನನಿಗೆ ಸಲ್ಲಬೇಕಾಗಿದ್ದ ಋಣವು ಬಹುಕಾಲಾನಂತರ ಇಲ್ಲಿ ಸಂದಿತೆನ್ನಬಹುದು.

ಈಗ ಆದಿಕವಿಯ ಪ್ರಸಂಗಕ್ಕೆ ಮರಳಬಹುದು. ಶ್ಲೋಕವಾದ ಶೋಕವು ಮುನಿಯ ಸ್ವಂತ ದುಃಖವೆಂದು ತಿಳಿಯಬಾರದೆಂದು ಅಭಿನವಗುಪ್ತನು ಲೋಚನದಲ್ಲಿ ಎಚ್ಚರಿಸಿದ್ದಾನೆ. ಮುನಿಯೇ ದುಃಖಿತನಾಗಿದ್ದರೆ ರಸಕ್ಕೆ ಎಡೆಯೇ ಇರುತ್ತಿರಲಿಲ್ಲ. ಬಾಣವು ತಗುಲಿದುದು ಕ್ರೌಂಚಕ್ಕೆ. ಹಾಡಿದವನು ಅದನ್ನು ಕಂಡು ಕರಗಿದವನು. ಡಿಕನ್ಸನ ಹಿರಿಮೆಯೂ ಇದೇ ಅಳತೆಗೋಲಿಗೆ ಒಪ್ಪುತ್ತದೆ. 1824ರಲ್ಲಿ ಅವನು ಕ್ರೌಂಚವಾಗಿದ್ದನು. ಆಗ ಹಾಡು ಹುಟ್ಟಲಿಲ್ಲ, ಮೌನವು ಹುಟ್ಟಿತು. ಪುಸ್ತಕಗಳೂ ಗುರುವೂ ಮಿತ್ರನೂ ಕಾಲವೂ ಸೇರಿ ಅವನನ್ನು ಆ ಬಾಲಕನ ಪಕ್ಕದಲ್ಲಿ ನಿಂತು ನೋಡಬಲ್ಲವನನ್ನಾಗಿ ಮಾಡಿದಮೇಲೆ ಕಾವ್ಯವು ಸಾಧ್ಯವಾಯಿತು. ಫಿಲೊಕ್ಟೀಟಿಸನಿಗೆ ಧನುಸ್ಸನ್ನು ಮರಳಿ ಕೊಟ್ಟುದು ಯುವಕ ನಿಯೊಪ್ಟೊಲೆಮಸನ ಕನಿಕರ. ವಿಲ್ಸನನೂ ಅದನ್ನು ಗಮನಿಸದೆ ಬಿಟ್ಟವನಲ್ಲ. ಆ ಕನಿಕರಕ್ಕೆ ಕೊಡಬೇಕಾದ ಸ್ಥಾನವನ್ನು ವ್ರಣಕ್ಕೆ ಕೊಟ್ಟುದೇ ಅವನ ನಂತರದ ವಾದಗಳ ನ್ಯೂನತೆ.

ಸಾಹಿತ್ಯವನ್ನು ಬೋಧಿಸುವವರಿಗೆ ಇದು ಪಾಂಡಿತ್ಯದ ಜಿಜ್ಞಾಸೆ ಮಾತ್ರವಲ್ಲ. ಕಷ್ಟವೇ ಕವಿಯನ್ನು ಮಾಡುವುದೆಂದು ತರಗತಿಯಲ್ಲಿ ಹೇಳಿದಾಗ, ಹಿಂದಿನ ಸಾಲಿನಲ್ಲಿ ಹಸಿದೋ ಹೊಡೆಸಿಕೊಂಡೋ ಬಂದು ಕುಳಿತ ಮಗುವು ಆ ಮಾತನ್ನು ಕೇಳುತ್ತಿರುತ್ತದೆ. ಅದಕ್ಕೆ ಬೇಕಾದುದು ವ್ರಣದ ಸ್ತೋತ್ರವಲ್ಲ. ಮಹಡಿಯ ಕೋಣೆಯ ಪುಸ್ತಕಗಳು, ಗುರುತಿಸುವ ಒಬ್ಬ ಗೈಲ್ಸ್, ಬಿಸಿನೀರಿನ ಶೀಶೆಯನ್ನು ಹಿಡಿದ ಒಬ್ಬ ಜೊತೆಗಾರ, ತೆರೆಯುವ ಒಂದು ಬಾಗಿಲು.