ಕೌಂಟರಿನ ಒಳಗೆ ಕೂತು

ರಾತ್ರಿ ಊಟವಾದ ಮೇಲೆ ಹಾಸ್ಟೆಲ್ಲಿನ ಕೋಣೆಯಲ್ಲಿ ದಿನವೂ ಒಂದೆರಡು ಗಂಟೆ ನಾನು ಗುಮಾಸ್ತಗಿರಿ ಮಾಡುತ್ತೇನೆ. ಥೀಸಿಸ್ಸಿನ ಮೂರನೇ ಅಧ್ಯಾಯ ಅರ್ಧಕ್ಕೆ ನಿಂತಿದೆ, ಗೈಡ್ ಫೋನ್ ಮಾಡಿದಾಗಲೆಲ್ಲ 'ಓದ್ತಾ ಇದೀನಿ ಸರ್' ಅನ್ನುತ್ತೇನೆ. ಸುಳ್ಳಲ್ಲ. ಪಾಸ್‌ಪೋರ್ಟುಗಳನ್ನು ಓದುತ್ತಿದ್ದೇನೆ.

ಆಟದ ಹೆಸರು 'ಪೇಪರ್ಸ್, ಪ್ಲೀಸ್'. 2013ರಲ್ಲಿ ಬಂದದ್ದು. ಮಾಡಿದವನು ಲ್ಯೂಕಸ್ ಪೋಪ್, ಜಪಾನಿನಲ್ಲಿ ನೆಲೆಸಿರುವ ಅಮೆರಿಕನ್. ದೊಡ್ಡ ಕಂಪನಿಯೊಂದರ ಸಾಹಸದ ಆಟಗಳಿಗೆ ಕೆಲಸ ಮಾಡಿ, ಅದನ್ನು ಬಿಟ್ಟು ಒಬ್ಬನೇ ಕೂತು ಕಟ್ಟಿದ ಆಟ ಇದು. ಅರ್ಸ್ಟೋಟ್ಸ್ಕಾ ಎಂಬ ಕಲ್ಪಿತ ದೇಶ, 1982ರ ನವೆಂಬರ್ ತಿಂಗಳು. ಸರ್ಕಾರಿ ಲಾಟರಿಯಲ್ಲಿ ನಿಮಗೆ ಗಡಿಠಾಣೆಯ ಕೆಲಸ ಬಂದಿದೆ. ಸಣ್ಣ ಗೂಡಿನಂಥ ಕೌಂಟರು, ಹೊರಗೆ ಮುಗಿಯದ ಕ್ಯೂ. ಮೈಕಿನಲ್ಲಿ ಮುಂದಿನವರನ್ನು ಕರೆಯುತ್ತೀರಿ, ಅವರು ಕಾಗದಗಳನ್ನು ಮೇಜಿನ ಮೇಲೆ ಇಡುತ್ತಾರೆ, ನೀವು ನೋಡಿ ಹಸಿರು ಸೀಲನ್ನೋ ಕೆಂಪು ಸೀಲನ್ನೋ ಒತ್ತುತ್ತೀರಿ. ಸರಿಯಾಗಿ ನೋಡಿದ ಪ್ರತಿ ತಲೆಗೆ 5 ಕ್ರೆಡಿಟ್ಟು. ಸಂಜೆ ಮನೆಗೆ ಹೋದರೆ ಬಾಡಿಗೆ, ಊಟ, ಒಲೆಯ ಶಾಖ, ಮಗನಿಗೆ ಔಷಧಿ. ಇಷ್ಟೇ ಆಟ. ಓಡುವುದಿಲ್ಲ, ಹಾರುವುದಿಲ್ಲ. ಆದರೂ ಇದನ್ನು ಎರಡನೇ ಸಲ ಆಡುತ್ತಿದ್ದೇನೆ.

ಮೊದಲ ದಿನ ನಿಯಮ ಸರಳ: ನಮ್ಮ ದೇಶದವರನ್ನು ಬಿಡು, ಉಳಿದವರನ್ನು ವಾಪಸು ಕಳಿಸು. ಆಮೇಲೆ ದಿನಕ್ಕೊಂದು ಹೊಸ ಸುತ್ತೋಲೆ. ಪ್ರವೇಶ ಪತ್ರ ಬೇಕು, ಕೆಲಸಕ್ಕೆ ಬಂದವರಿಗೆ ಇನ್ನೊಂದು ಪತ್ರ ಬೇಕು, ಎತ್ತರ ತೂಕ ಬರೆದ ಚೀಟಿ ಬೇಕು. ನಮ್ಮ ಸ್ಕಾಲರ್‌ಶಿಪ್ ಅರ್ಜಿ ತುಂಬಿದವರಿಗೆ ಇದೆಲ್ಲ ಹೊಸದಲ್ಲ. ಹೊಸದು ಏನೆಂದರೆ, ಈ ಸಲ ನಾವು ಗಾಜಿನ ಆ ಕಡೆ ಇದ್ದೇವೆ.

ಆಟದಲ್ಲಿ ಒಂದು ಗುಂಡಿಯಿದೆ. ಒತ್ತಿದರೆ ಮೇಜು ತಪಾಸಣೆಗೆ ತಿರುಗುತ್ತದೆ. ಪಾಸ್‌ಪೋರ್ಟಿನ ಹೆಸರು, ಪ್ರವೇಶ ಪತ್ರದ ಹೆಸರು, ಎರಡರ ಮೇಲೂ ಬೆರಳಿಟ್ಟರೆ ನಡುವೆ ಒಂದು ಗೆರೆ ಮೂಡುತ್ತದೆ. ತಾಳೆಯಾಗದಿದ್ದರೆ 'ವ್ಯತ್ಯಾಸ ಪತ್ತೆಯಾಗಿದೆ' ಎಂದು ಬರುತ್ತದೆ. ಆ ಕ್ಷಣದಲ್ಲಿ ಆಗುವ ಸಂತೋಷವನ್ನು ಹೇಗೆ ಹೇಳಲಿ? ಅದು ನನಗೆ ಚೆನ್ನಾಗಿ ಗೊತ್ತಿರುವ ಸಂತೋಷ. ಎಂ.ಎ. ತರಗತಿಯಿಂದ ನನಗೆ ಕಲಿಸಿದ್ದೇ ಇದನ್ನು. ನಿರೂಪಕ ಮೊದಲ ಪುಟದಲ್ಲಿ ಹೇಳಿದ್ದಕ್ಕೂ ನಲವತ್ತನೇ ಪುಟದಲ್ಲಿ ಮಾಡಿದ್ದಕ್ಕೂ ತಾಳೆಯಿಲ್ಲ, ಹಿಡಿ. ಲೇಖಕ ಮುನ್ನುಡಿಯಲ್ಲಿ ಒಂದು ಹೇಳುತ್ತಾನೆ, ಕೃತಿ ಇನ್ನೊಂದು ಹೇಳುತ್ತದೆ, ಹಿಡಿ. ಸೆಮಿನಾರಿನಲ್ಲಿ ಅಂಥದ್ದೊಂದನ್ನು ಹಿಡಿದು ತೋರಿಸಿದರೆ ಟೀ ಹೊತ್ತಿಗೆ ನಾಲ್ಕು ಜನ ಬಂದು ಕೈಕುಲುಕುತ್ತಾರೆ. ನಿಕಟ ಓದು ಎಂದು ನಾವು ಗೌರವದಿಂದ ಕರೆಯುವುದರೊಳಗೆ ಠಾಣೆಯ ಕಣ್ಣು ಎಷ್ಟು ಸೇರಿದೆ ಎಂಬುದನ್ನು ನನಗೆ ಯಾವ ಸಿದ್ಧಾಂತದ ಪುಸ್ತಕವೂ ಹೀಗೆ ಬೆರಳಿಗೆ ತಾಗುವಂತೆ ಹೇಳಿರಲಿಲ್ಲ.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಎರಡು ವರ್ಷದ ಹಿಂದೆ ಪ್ರವೇಶಾತಿಯ ಸಮಯದಲ್ಲಿ ಸಂಶೋಧನಾ ವಿದ್ಯಾರ್ಥಿಗಳನ್ನು ದಾಖಲೆ ಪರಿಶೀಲನೆಗೆ ಕೂರಿಸಿದ್ದರು. ನಾನೂ ಕೂತಿದ್ದೆ. ನಾಲ್ಕನೇ ದಿನವೋ ಏನೋ, ಒಬ್ಬ ಹುಡುಗಿ ತಂದೆಯ ಜೊತೆ ಬಂದಿದ್ದಳು. ರಾತ್ರಿ ಬಸ್ಸಿನಲ್ಲಿ ಬಂದಿದ್ದರೆಂದು ಇಬ್ಬರ ಮುಖದಲ್ಲೂ ಗೊತ್ತಾಗುತ್ತಿತ್ತು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್, ಜಾತಿ ಪ್ರಮಾಣಪತ್ರದಲ್ಲಿ ಎರಡು. 'ತಾಳೆ ಆಗ್ತಿಲ್ಲಮ್ಮ, ಅಫಿಡವಿಟ್ ಮಾಡಿಸ್ಕೊಂಡು ಬಾ' ಎಂದೆ. ತಪ್ಪು ಹೇಳಲಿಲ್ಲ, ಸುತ್ತೋಲೆಯಲ್ಲಿ ಇದ್ದದ್ದನ್ನೇ ಹೇಳಿದೆ. ತಂದೆ 'ನಾಳೆವರೆಗೂ ಟೈಮ್ ಐತಾ ಮೇಡಮ್ಮೋರೆ' ಎಂದು ಕೇಳಿದರು. ಇದೆ ಎಂದೆ. ಅವರು ಮತ್ತೆ ಬರಲಿಲ್ಲ. ಬೇರೆ ಕಾಲೇಜಿಗೆ ಸೇರಿರಬಹುದು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆ ಎರಡು ಇನಿಷಿಯಲ್ಲುಗಳನ್ನು ಕಂಡಾಗ ನನಗೆ ಆದದ್ದು ಬೇಸರವಲ್ಲ. ಒಂದು ಚಿಕ್ಕ ಗೆಲುವು. ಅದನ್ನು ನಾನು ಮರೆತಿದ್ದೆ, ಈ ಆಟದ ಕೆಂಪು ಗೆರೆ ನೆನಪು ಮಾಡಿತು. ಇನ್ನೂ ಒಂದು ಮಾತು. ಅರ್ಸ್ಟೋಟ್ಸ್ಕಾದಲ್ಲಿ ಹೆಸರು ತಾಳೆಯಾಗದಿದ್ದರೆ ಬೆರಳಚ್ಚು ತೆಗೆಸಿ, ಆ ಮನುಷ್ಯನಿಗೆ ಇನ್ನೊಂದು ಹೆಸರು ಇದೆಯೇ ಎಂದು ನೋಡುವ ಅನುಕೂಲವಿದೆ. ಅಷ್ಟನ್ನೂ ನಾನು ಮಾಡಿರಲಿಲ್ಲ.

ಕನ್ನಡದಲ್ಲಿ ಕಚೇರಿಯ ಕ್ರೌರ್ಯ ಎಂದಕೂಡಲೇ ನಮಗೆ ನೆನಪಾಗುವುದು ತೇಜಸ್ವಿಯವರ 'ತಬರನ ಕಥೆ'. 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿದೆ. ಗಿರೀಶ ಕಾಸರವಳ್ಳಿಯವರು ಸಿನಿಮಾ ಮಾಡಿದ ಮೇಲೆ ಚಾರುಹಾಸನ್ ಅವರ ಮುಖವೇ ತಬರನ ಮುಖವಾಗಿಬಿಟ್ಟಿದೆ. ಕಾಯಿಲೆ ಬಿದ್ದ ಹೆಂಡತಿಗಾಗಿ ಬರಬೇಕಾದ ದುಡ್ಡಿಗೆ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕ ಅವನು. ಆ ಕಥೆಯನ್ನು ಓದುವಾಗ ನಾವು ಎಲ್ಲಿರುತ್ತೇವೆ? ತಬರನ ಪಕ್ಕದಲ್ಲಿ. ಅವನ ಜೊತೆಗೇ ಮೆಟ್ಟಿಲು ಹತ್ತುತ್ತೇವೆ, ಅವನ ಜೊತೆಗೇ ಬೆಂಚಿನ ಮೇಲೆ ಕಾಯುತ್ತೇವೆ. ಕೊನೆಗೆ ಅವನ ಪರವಾಗಿ ಸಿಟ್ಟು ಮಾಡಿಕೊಂಡು ಪುಸ್ತಕ ಮುಚ್ಚುತ್ತೇವೆ. ಆ ಸಿಟ್ಟು ನಿಜ. ಆದರೆ ನಾನು ಆ ಕಥೆಯನ್ನು ಪಿಯುಸಿಯಲ್ಲಿದ್ದಾಗಿನಿಂದ ನಾಲ್ಕೈದು ಸಲ ಓದಿದ್ದೇನೆ, ಒಂದು ಸಲವೂ ಫೈಲು ತಳ್ಳುವವನ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ನೋಡಿಕೊಂಡಿರಲಿಲ್ಲ. ತಬರನೂ ಸರ್ಕಾರದ ನೌಕರನೇ ಆಗಿದ್ದವನು ಎಂಬುದನ್ನು ಕಥೆ ಮರೆಯುವುದಿಲ್ಲ, ಓದುವ ನಾನು ಮರೆಯುತ್ತಿದ್ದೆ. ಇದು ಕಥೆಯ ದೋಷ ಎಂದು ಹೇಳುತ್ತಿಲ್ಲ. ಕಥೆ ಓದುಗರನ್ನು ಒಂದು ಕಡೆ ನಿಲ್ಲಿಸಲೇಬೇಕು. ಪೋಪ್ ನಮ್ಮನ್ನು ಇನ್ನೊಂದು ಕಡೆ ಕೂರಿಸಿದ್ದಾನೆ, ಮೇಲಾಗಿ ಕೈಗೆ ಸೀಲು ಕೊಟ್ಟಿದ್ದಾನೆ.

ಐದನೇ ದಿನ ಒಬ್ಬ ಗಂಡಸು ಬರುತ್ತಾನೆ. ಕಾಗದಗಳೆಲ್ಲ ಸರಿಯಾಗಿವೆ. ಹೋಗುವಾಗ, ಹಿಂದೆ ನನ್ನ ಹೆಂಡತಿ ಬರುತ್ತಿದ್ದಾಳೆ, ಸ್ವಲ್ಪ ಕರುಣೆ ಇರಲಿ ಎನ್ನುತ್ತಾನೆ. ಆಕೆಯ ಬಳಿ ಪ್ರವೇಶ ಪತ್ರವಿಲ್ಲ. ವಾಪಸು ಹೋದರೆ ಕೊಲ್ಲುತ್ತಾರೆ ಎನ್ನುತ್ತಾಳೆ. ಈ ಆಟದ ಬಗ್ಗೆ ಬರೆದವರೆಲ್ಲ ಈ ದೃಶ್ಯದ ಬಗ್ಗೆ ಬರೆದಿದ್ದಾರೆ, ಆದ್ದರಿಂದ ನಾನು ಹೆಚ್ಚು ಹೇಳುವುದಿಲ್ಲ. ಮೊದಲ ಸಲ ಆಡಿದಾಗ ಆಕೆಯನ್ನು ಬಿಟ್ಟೆ. ಎಲ್ಲರೂ ಬಿಡುತ್ತಾರೆ. ನನಗೆ ಮುಖ್ಯವಾಗಿ ಕಂಡದ್ದು ಅದರ ಹಿಂದಿರುವ ಲೆಕ್ಕ. ದಿನಕ್ಕೆ ಮೊದಲ ಎರಡು ತಪ್ಪಿಗೆ ದಂಡವಿಲ್ಲ, ಬರೀ ಎಚ್ಚರಿಕೆ ಚೀಟಿ. ಮೂರನೆಯದಕ್ಕೆ ಸಂಬಳದಲ್ಲಿ ಕಡಿತ. ಎಂದರೆ ಈ ಸರ್ಕಾರ ತನಗೇ ಗೊತ್ತಿಲ್ಲದೆ ನನಗೆ ದಿನಕ್ಕೆ ಎರಡು ಕರುಣೆಗಳನ್ನು ಪುಕ್ಕಟೆಯಾಗಿ ಕೊಟ್ಟಿದೆ. ಇದು ಹೊಳೆದ ದಿನ ಖುಷಿಯಾಯಿತು. ದಿನಕ್ಕಿಬ್ಬರನ್ನು ಬಿಡಬಹುದಲ್ಲ! ಒಂದು ವಾರ ಕಳೆಯುವಷ್ಟರಲ್ಲಿ ನಾನು ಆ ಎರಡನ್ನೂ ಉಳಿಸಿಕೊಳ್ಳತೊಡಗಿದ್ದೆ. ಅವಸರದಲ್ಲಿ ಎಲ್ಲೋ ಅವಧಿ ಮುಗಿದ ತಾರೀಖು ಕಣ್ತಪ್ಪಬಹುದು, ಆಗ ಬೇಕಾಗುತ್ತದೆ. ಅಳುತ್ತಾ ಬಂದವರನ್ನು ನೋಡಿ, ಇನ್ನೂ ಮಧ್ಯಾಹ್ನ, ಈಗಲೇ ಖರ್ಚು ಮಾಡುವುದು ಬೇಡ ಎಂದುಕೊಂಡೆ. ಖರ್ಚು ಎಂಬ ಪದವೇ ಮನಸ್ಸಿಗೆ ಬಂತು. ಸಂಜೆ ಆರಕ್ಕೆ ಬಾಗಿಲು ಮುಚ್ಚಿದಾಗ ಎರಡೂ ಹಾಗೇ ಉಳಿದಿದ್ದವು. ಮರುದಿನಕ್ಕೆ ಅವು ಜಮೆಯಾಗುವುದಿಲ್ಲ.

ಆಮೇಲೆ ಕಾವಲುಗಾರನೊಬ್ಬ ಬಂದು, ನೀನು ಜಾಸ್ತಿ ಜನರನ್ನು ಬಂಧಿಸಿದರೆ ನನಗೆ ಬರುವ ಬೋನಸ್ಸಿನಲ್ಲಿ ನಿನಗೂ ಪಾಲು ಎನ್ನುತ್ತಾನೆ. ಅದುವರೆಗೆ ಕೆಂಪು ಸೀಲು ಒತ್ತಿ ಕಳಿಸಬಹುದಾಗಿದ್ದವರನ್ನು ಹಿಡಿದು ಕೊಡುವ ಆಸೆ ಶುರುವಾಗುತ್ತದೆ. ನಾನು ಹಿಡಿದುಕೊಟ್ಟೆ. ಮನೆಯಲ್ಲಿ ಮಗ ಕಾಯಿಲೆ ಬಿದ್ದಿದ್ದ.

ಮಗ ಎಂದೆ, ಆದರೆ ಈ ಆಟದ ದೊಡ್ಡ ಕೊರತೆ ನನಗೆ ಕಾಣುವುದು ಇಲ್ಲೇ. ಮಗ, ಹೆಂಡತಿ, ಅತ್ತೆ, ಮಾವ ಎಲ್ಲರೂ ದಿನದ ಕೊನೆಯ ಲೆಕ್ಕದ ಪುಟದಲ್ಲಿ ಒಂದೊಂದು ಪದ: ಹಸಿವು, ಚಳಿ, ಕಾಯಿಲೆ. ಅವರು ಮಾತಾಡುವುದನ್ನು ನಾನು ಕೇಳಿಲ್ಲ. ಕ್ಯೂನಲ್ಲಿ ನಿಂತವರಿಗೆ ಮುಖವಿದೆ, ಮನೆಯವರಿಗೆ ಇಲ್ಲ. ಇದನ್ನು ಸಮರ್ಥಿಸುವವರು, ಗುಮಾಸ್ತನ ಬದುಕು ಹಾಗೇ ಒಣಗಿ ಹೋಗಿದೆ ಎಂದು ತೋರಿಸಲಿಕ್ಕೇ ಹೀಗೆ ಮಾಡಿದ್ದಾರೆ ಎನ್ನಬಹುದು. ನಾನು ಒಪ್ಪುವುದಿಲ್ಲ. ಬರೀ ಪದವಾಗಿರುವ ಮಗನಿಗಾಗಿ ಇನ್ನೊಬ್ಬರನ್ನು ಜೈಲಿಗೆ ಕಳಿಸುವುದು ಇಕ್ಕಟ್ಟಲ್ಲ, ಕೂಡುವುದು ಕಳೆಯುವುದು ಅಷ್ಟೇ. ತೇಜಸ್ವಿ ಇಂಥ ಕಡೆ ಸೋಲುವುದಿಲ್ಲ. ಇನ್ನೊಂದು ತಕರಾರು ಆ ಬೂದು ಬಣ್ಣದ ಪೂರ್ವ ಯುರೋಪಿನ ಬಗ್ಗೆ. ಮಂಜು, ಗೋಡೆ, ಬಂದೂಕು, ಗರ್ಜಿಸುವ ಸಂಗೀತ ಎಲ್ಲವೂ ಸೇರಿ ಇದು ಯಾವುದೋ ಕಾಲದ ಯಾವುದೋ ಕಡೆಯ ಕೆಡುಕು ಎನ್ನಿಸಿಬಿಡುತ್ತವೆ. ಟ್ಯೂಬ್‌ಲೈಟು, ತಿರುಗುವ ಫ್ಯಾನು, ಮೇಜಿನ ಮೇಲೆ ಅರ್ಧ ಕುಡಿದ ಟೀ ಇರುವ ಕೋಣೆಯಲ್ಲೂ ಇದೇ ಕೆಲಸ ನಡೆಯುತ್ತದೆ ಎಂಬುದನ್ನು ಆಡುವವರೇ ಸೇರಿಸಿಕೊಳ್ಳಬೇಕು.

ನಗುವಿಗೆ ಜಾಗವಿಲ್ಲ ಎಂದುಕೊಳ್ಳಬೇಡಿ. ಜೋರ್ಜಿ ಎಂಬ ಮುದುಕ ಇಲ್ಲದ ದೇಶವೊಂದರ ಪಾಸ್‌ಪೋರ್ಟನ್ನು ಕೈಯಲ್ಲೇ ಬರೆದು ತರುತ್ತಾನೆ. ವಾಪಸು ಕಳಿಸಿದರೆ ಬೇಜಾರಿಲ್ಲ, ಮತ್ತೆ ಬರುತ್ತಾನೆ, ನಗುತ್ತಾ ಬರುತ್ತಾನೆ. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಎಲ್ಲ ಕೇಸ್ ವರ್ಕರುಗಳಿಗೂ ಪರಿಚಯವಿರುವ ಇಂಥವರೊಬ್ಬರು ಇದ್ದೇ ಇರುತ್ತಾರೆ.

ನಡುವೆ ಒಂದು ಸಂಜೆ 'ವೆಂಬಾ' ಆಡಿ ಮುಗಿಸಿದೆ. ಟೊರಾಂಟೊದಲ್ಲಿರುವ ವಿಸೈ ಗೇಮ್ಸ್ 2023ರಲ್ಲಿ ತಂದದ್ದು. ಕೆನಡಾಕ್ಕೆ ಹೋದ ತಮಿಳು ಹೆಣ್ಣುಮಗಳು ತಾಯಿ ಕೊಟ್ಟ ಹರಿದ ಅಡುಗೆ ಪುಸ್ತಕ ನೋಡಿಕೊಂಡು ಇಡ್ಲಿಯಿಂದ ಶುರುಮಾಡಿ ಒಂದೊಂದೇ ಅಡುಗೆ ಮಾಡುತ್ತಾಳೆ. ಅಳಿಸಿಹೋದ ಸಾಲುಗಳನ್ನು ನಾವು ಊಹಿಸಬೇಕು. ಮಗ ಬೆಳೆಯುತ್ತಾ ತಮಿಳಿನಿಂದ ದೂರ ಸರಿಯುತ್ತಾನೆ. ಸಿಹಿಯಾದ ಆಟ, ಕಣ್ಣೂ ಒದ್ದೆಯಾಯಿತು, ನಮ್ಮ ಕನ್ನಡದಲ್ಲಿ ಇಂಥದ್ದು ಯಾಕಿಲ್ಲ ಎಂದು ಹೊಟ್ಟೆ ಉರಿಯಿತು. ಆದರೆ ಅಲ್ಲಿ ನಾನು ಮಾಡಿದ ಯಾವ ಆಯ್ಕೆಗೂ ನಾನು ಉತ್ತರ ಕೊಡಬೇಕಾಗಿ ಬರಲಿಲ್ಲ. ಇಡ್ಲಿ ಕೆಟ್ಟರೆ ಮತ್ತೆ ಮಾಡಬಹುದು.

ಈಗ ಆಡುತ್ತಿರುವುದು ಪೋಪ್‌ನದೇ ಎರಡನೇ ದೊಡ್ಡ ಆಟ, 2018ರ 'ರಿಟರ್ನ್ ಆಫ್ ದಿ ಓಬ್ರಾ ಡಿನ್'. ಇಲ್ಲೂ ನಾನು ಗುಮಾಸ್ತೆಯೇ, ಈಸ್ಟ್ ಇಂಡಿಯಾ ಕಂಪನಿಯ ವಿಮೆಯ ಲೆಕ್ಕ ನೋಡುವ ಅಧಿಕಾರಿ. ಕಾಣೆಯಾಗಿದ್ದ ಹಡಗು 1807ರಲ್ಲಿ ತಾನಾಗಿ ತೇಲಿಕೊಂಡು ಇಂಗ್ಲೆಂಡಿಗೆ ಬಂದಿದೆ. ಹಡಗಿನಲ್ಲಿದ್ದವರು 60 ಜನ. ಪ್ರತಿಯೊಬ್ಬರೂ ಯಾರು, ಏನಾದರು ಎಂದು ಪುಸ್ತಕದಲ್ಲಿ ತುಂಬಬೇಕು. ಕೈಯಲ್ಲಿ ಒಂದು ಗಡಿಯಾರವಿದೆ. ಹೆಣದ ಮುಂದೆ ಅದನ್ನು ಹಿಡಿದರೆ ಕತ್ತಲಲ್ಲಿ ಕೆಲವು ಮಾತು ಕೇಳುತ್ತದೆ, ಆಮೇಲೆ ಸಾವಿನ ಆ ಒಂದು ಕ್ಷಣ ಅಲ್ಲಾಡದೆ ನಿಂತುಬಿಡುತ್ತದೆ. ನಾವು ಅದರೊಳಗೆ ಓಡಾಡಿ ಮುಖಗಳನ್ನು, ಬಟ್ಟೆಗಳನ್ನು, ಯಾರು ಯಾರ ಪಕ್ಕ ನಿಂತಿದ್ದಾರೆ ಎಂಬುದನ್ನು ನೋಡಬಹುದು. ಕಪ್ಪು ಬಿಳುಪಿನ ಚುಕ್ಕೆ ಗೆರೆಗಳಲ್ಲೇ ಎಲ್ಲವೂ. ಇದರ ಅಂದದ ಬಗ್ಗೆ ಬೇರೆಯೇ ಒಂದು ಲೇಖನ ಬರೆಯಬಹುದು.

ನಾವಿಕರ ಪಟ್ಟಿಯಲ್ಲಿ ಹೆಸರು, ಹುದ್ದೆ, ದೇಶ ಇಷ್ಟಿವೆ. ಮೊದಲು ನಾನು ಹುಡುಕಿದ್ದು ಭಾರತ ಎಂದು ಬರೆದಿರುವವರನ್ನು. ಇದ್ದಾರೆ, ಹೆಚ್ಚಿನವರು ಕೆಳಗಿನ ದರ್ಜೆಯ ನಾವಿಕರು. ಕ್ಯಾಪ್ಟನ್ನನನ್ನು ಗುರುತಿಸುವುದು ಸುಲಭ, ಅವನನ್ನು ಎಲ್ಲರೂ ಕ್ಯಾಪ್ಟನ್ ಎಂದು ಕರೆಯುತ್ತಾರೆ. ಅಧಿಕಾರಿಗಳಿಗೆ ಟೋಪಿ, ಕೋಟು, ಕೋಣೆ ಇದೆ. ನಾವಿಕರನ್ನು ಗುರುತಿಸಲು ತೂಗುಹಾಸಿಗೆಯ ನಂಬರು, ಕಾಲಿನ ಜೋಡು, ಮೈಬಣ್ಣ, ತಲೆಗೆ ಸುತ್ತಿದ ಬಟ್ಟೆ ನೋಡಬೇಕು. ಹೀಗೆ ನೋಡುವುದು ಕಂಪನಿಯ ನೋಟವೇ ಎಂದು ಗೊತ್ತಿದ್ದೂ ನೋಡುತ್ತೇನೆ, ಬೇರೆ ದಾರಿಯನ್ನು ಆಟ ಕೊಡುವುದಿಲ್ಲ. ನಮ್ಮವರಲ್ಲಿ ಇಬ್ಬರು ಪ್ರಯಾಣದ ಆರಂಭದಲ್ಲೇ ಕಾಯಿಲೆಯಿಂದ ಸಾಯುತ್ತಾರೆ. ಬಂಡಾಯವಿಲ್ಲ, ಹೋರಾಟವಿಲ್ಲ. ಕಥೆ ಶುರುವಾಗುವ ಮೊದಲೇ ಅವರ ಕಥೆ ಮುಗಿದಿದೆ.

ಪುಸ್ತಕ ನಮ್ಮ ಉತ್ತರಗಳನ್ನು ಒಂದೊಂದಾಗಿ ಒಪ್ಪುವುದಿಲ್ಲ. ಮೂರು ಸರಿಯಾದ ಮೇಲಷ್ಟೇ ಆ ಮೂರನ್ನೂ ಅಚ್ಚು ಹಾಕಿಕೊಳ್ಳುತ್ತದೆ. ಸುಮ್ಮನೆ ಊಹಿಸುವುದನ್ನು ತಡೆಯಲು ಹೀಗೆ ಮಾಡಿದ್ದಾನೆ. ಆದರೂ ಎರಡು ಖಚಿತವಾಗಿದ್ದರೆ ಮೂರನೆಯದನ್ನು ಊಹಿಸಬಹುದು, ಒಂದು ಹೆಸರು ಹಾಕಿ, ಆಗದಿದ್ದರೆ ಇನ್ನೊಂದು ಹಾಕಿ. ನನ್ನ ಗೆಳತಿ ಅರ್ಧದಷ್ಟನ್ನು ಹಾಗೇ ಮುಗಿಸಿದಳಂತೆ. ಸದ್ಯ ನನ್ನ ಪುಸ್ತಕದಲ್ಲಿ 33 ಜನ ಅಚ್ಚಾಗಿದ್ದಾರೆ. ಕಾಯಿಲೆಯಿಂದ ಸತ್ತ ಆ ಇಬ್ಬರ ಹೆಸರುಗಳು ನನಗೆ ಗೊತ್ತು, ಮುಖಗಳೂ ಗೊತ್ತು. ಯಾವ ಹೆಸರು ಯಾವ ಮುಖದ್ದು ಎಂಬುದು ಮಾತ್ರ ತಿಳಿಯುತ್ತಿಲ್ಲ. ಅದಲುಬದಲು ಮಾಡಿದರೆ ಒಂದು ನಿಮಿಷದಲ್ಲಿ ಮುಗಿಯುತ್ತದೆ. ನಾಲ್ಕು ರಾತ್ರಿಯಿಂದ ಅವರ ತೂಗುಹಾಸಿಗೆಗಳ ನಡುವೆ ಓಡಾಡುತ್ತಾ, ಯಾರಾದರೂ ಅವರನ್ನು ಹೆಸರು ಹಿಡಿದು ಕರೆಯುತ್ತಾರೇನೋ ಎಂದು ಅದೇ ಮಾತುಗಳನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದೇನೆ.