ತಟ್ಟೆಯ ಮುಖ, ಊರಿನ ಮುಖ: ಹೊರದೇಶದ ಮನೆಗಳಲ್ಲಿ ಕನ್ನಡ ಟಿ.ವಿ.

ಹೊರದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದು ಊರಿನ ಟಿ.ವಿ. ವಾಹಿನಿಗಳನ್ನು ಮನೆಯಲ್ಲೇ ನೋಡಲು ಮಾಡಿಕೊಳ್ಳುವ ಏರ್ಪಾಡಿನ ಗುಣವನ್ನು, ಚಿತ್ರ ಚೆನ್ನಾಗಿ ಬರುತ್ತದೆಯೇ ಎಂಬ ಒಂದೇ ಪ್ರಶ್ನೆಯಿಂದ ಅಳೆಯುವುದು ವಾಡಿಕೆಯಾಗಿದೆ. ಈ ಅಳತೆ ಬೇಕಾದದ್ದೇ ಹೌದು, ಆದರೆ ಸಾಲದು. ಚಿತ್ರದ ನಿಚ್ಚಳತೆಯ ಜೊತೆಗೆ ಆ ಏರ್ಪಾಡು ಎಷ್ಟು ಕಾಲ ತಾಳುತ್ತದೆ, ಮನೆಯ ಹಿರಿಯರ ಕೈಗೆ ಎಷ್ಟು ಸುಲಭವಾಗಿ ಒದಗುತ್ತದೆ, ಕೊನೆಗೆ ಆ ಚಿತ್ರದೊಳಗೆ ಬಿಟ್ಟುಬಂದ ಊರು ಎಷ್ಟರಮಟ್ಟಿಗೆ ಇರುತ್ತದೆ ಎಂಬುದನ್ನೂ ಕೇಳಿದಾಗಲೇ ಈ ರೂಢಿಯ ನಿಜವಾದ ಬೆಲೆ ತಿಳಿಯುತ್ತದೆ. ಅರಸೀಕೆರೆ, ಬೇಲೂರು, ಹಳೇಬೀಡುಗಳಿಂದ ಹೊರಟು ಕೊಲ್ಲಿ ದೇಶಗಳಲ್ಲೋ ಇಂಗ್ಲೆಂಡ್, ಅಮೆರಿಕಗಳಲ್ಲೋ ನೆಲೆಸಿದವರ ಮನೆಗಳನ್ನು ಮುಂದಿಟ್ಟುಕೊಂಡು ಈ ನಾಲ್ಕು ಪ್ರಶ್ನೆಗಳನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ.

ಹಾಸನ ಜಿಲ್ಲೆಯ ಈ ಮೂರು ಊರುಗಳನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಲ್ಲಿ ಸ್ಥಾಪನೆಯಾದ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರ, ಅಂದರೆ ಜನರ ಮಾತಿನ ಎಂಸಿಎಫ್, ಭಾರತದ ಭೂಸ್ಥಿರ ಉಪಗ್ರಹಗಳನ್ನು ಅವುಗಳ ಸ್ಥಾನದಲ್ಲಿ ಹಿಡಿದಿಡುವ ಕೆಲಸ ಮಾಡುತ್ತದೆ. ಭೂಸ್ಥಿರ ಉಪಗ್ರಹವೆಂದರೆ ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಭೂಮಿಯ ತಿರುಗುವಿಕೆಗೆ ಸರಿಸಮನಾಗಿ ಸುತ್ತುತ್ತ, ನೆಲದಿಂದ ನೋಡುವವರಿಗೆ ಆಕಾಶದ ಒಂದೇ ಬಿಂದುವಿನಲ್ಲಿ ನಿಂತಂತೆ ಇರುವ ಉಪಗ್ರಹ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೈಬಿಟ್ಟುಹೋದರೂ, 1983ರ ಆಗಸ್ಟ್‌ನಲ್ಲಿ ಹಾರಿದ ಇನ್ಸಾಟ್-1ಬಿ ದೇಶದ ಟಿ.ವಿ. ಜಾಲಕ್ಕೆ ಬೆನ್ನೆಲುಬಾಯಿತು. ದುಬೈಯ ಮಹಡಿಯೊಂದರ ಮೇಲೆ ಭಾರತದ ಉಪಗ್ರಹಕ್ಕೆ ಮುಖ ಮಾಡಿ ನಿಂತ ತಟ್ಟೆಗೂ ಹಳೇಬೀಡಿನ ಹೆಂಚಿನ ಮನೆಯ ಪಕ್ಕದ ತಟ್ಟೆಗೂ ಸಂಕೇತ ಬರುವ ಜಾಗ ಒಂದೇ, ಆ ಜಾಗವನ್ನು ಕಾಯುವವರು ಇರುವುದು ಹಳೇಬೀಡಿನಿಂದ ಸುಮಾರು 30 ಕಿ.ಮೀ. ದೂರದಲ್ಲಿ.

ಹೊರದೇಶದ ಅನುಭವವನ್ನು ಅಳೆಯುವ ಮೊದಲು ಊರಿನಲ್ಲೇ ಒಳ್ಳೆಯ ಚಿತ್ರವೆಂದರೆ ಏನೆಂದು ಜನ ತಿಳಿದಿದ್ದರೆಂಬುದನ್ನು ಗಮನಿಸಬೇಕು. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾದಾಗ ಅರಸೀಕೆರೆ ಅದರಿಂದ ನೇರ ಅಳತೆಯಲ್ಲೇ ಸುಮಾರು 150 ಕಿ.ಮೀ. ದೂರದಲ್ಲಿತ್ತು. ನೆಲದ ಪ್ರಸಾರದ ಅಲೆಗಳು ಹೆಚ್ಚುಕಡಿಮೆ ನೇರಗೆರೆಯಲ್ಲಿ ಸಾಗುವುದರಿಂದ ಅಷ್ಟು ದೂರಕ್ಕೆ ಅವು ತಲುಪುವ ಭರವಸೆ ಇರಲಿಲ್ಲ, ಮತ್ತು 1984ರ ನಂತರ ದೇಶದ ತುಂಬ ಬಂದ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳ ವ್ಯಾಪ್ತಿಯೂ ಸುತ್ತಲಿನ ಕೆಲವೇ ಹೋಬಳಿಗಳಿಗೆ ಸೀಮಿತವಾಗಿತ್ತು. ಕಬ್ಬಿಣದ ಕೊಳವೆಯ ತುದಿಗೆ ಮೀನಿನ ಮುಳ್ಳಿನಂಥ ಆ್ಯಂಟೆನಾ ಕಟ್ಟಿ, ಒಬ್ಬರು ಮಾಳಿಗೆ ಹತ್ತಿ ತಿರುಗಿಸುತ್ತ, ಇನ್ನೊಬ್ಬರು ಒಳಗಿನಿಂದ ಬಂತು, ಹೋಯಿತು ಎಂದು ಕೂಗುತ್ತ ಹಿಡಿದ ಚುಕ್ಕಿ ತುಂಬಿದ ಚಿತ್ರವೇ ಆ ತಲೆಮಾರಿಗೆ ಒಳ್ಳೆಯ ಚಿತ್ರವಾಗಿತ್ತು. 1994ರಲ್ಲಿ ಉದಯ ಟಿ.ವಿ. ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿಯಾಗಿ ಬಂದ ಮೇಲೆ ಕೇಬಲ್ಲೂ, 2004ರ ಕೊನೆಯಲ್ಲಿ ದೂರದರ್ಶನದ ಉಚಿತ ಡಿಟಿಎಚ್ ಸೇವೆ ಬಂದ ಮೇಲೆ ಮನೆಮನೆಯ ತಟ್ಟೆಯೂ ಈ ಕಷ್ಟವನ್ನು ಕಳೆದವು. ಇಂದು ಡಿಡಿ ಫ್ರೀ ಡಿಶ್ ಎಂಬ ಹೆಸರಿನ ಈ ಸೇವೆ ಪೂರ್ವ ರೇಖಾಂಶ 93.5 ಡಿಗ್ರಿಯ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. ಹಳೇಬೀಡಿನಲ್ಲಿ ಇದನ್ನು ಹಿಡಿಯಲು ತಟ್ಟೆ ಆಗ್ನೇಯಕ್ಕೆ ತಿರುಗಿ ಸುಮಾರು 64 ಡಿಗ್ರಿ ಮೇಲಕ್ಕೆ ನೋಡಬೇಕು. ಅಷ್ಟು ಕಡಿದಾದ ನೋಟಕ್ಕೆ ಅರಸೀಕೆರೆಯ ತೆಂಗಿನ ತೋಟಗಳು ಅಷ್ಟಾಗಿ ಅಡ್ಡಬರುವುದಿಲ್ಲ, ಆದರೆ ಬೇಲೂರಿನ ಅರೆಮಲೆನಾಡಿನ ಮುಂಗಾರು ಅಡ್ಡಬರುತ್ತದೆ. ಡಿಟಿಎಚ್ ಸೇವೆ ಬಳಸುವ ಕು ಬ್ಯಾಂಡ್ ಅಲೆಗಳ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರವಾದ್ದರಿಂದ, ಅದರ ಮೂರರಷ್ಟು ಉದ್ದದ ಸಿ ಬ್ಯಾಂಡ್ ಅಲೆಗಳಿಗಿಂತ ಹೆಚ್ಚಾಗಿ ಮಳೆಹನಿಗಳು ಇವನ್ನು ಹೀರಿ ಚದುರಿಸುತ್ತವೆ. ಜೋರು ಮಳೆಯಲ್ಲಿ ಚಿತ್ರ ಚೌಕಚೌಕವಾಗಿ ಒಡೆದು ನಿಂತುಹೋಗುವುದು ಇದರಿಂದ.

ಹೊರದೇಶಕ್ಕೆ ಹೋದವರ ಮೊದಲ ಸಾಧನ ಪ್ರಸಾರವಲ್ಲ, ಕ್ಯಾಸೆಟ್. ಊರಿನಿಂದ ಬರುವವರ ಪೆಟ್ಟಿಗೆಯಲ್ಲಿ ಚಟ್ನಿಪುಡಿಯ ಜೊತೆಗೆ ಬಂದ ವಿಡಿಯೊ ಕ್ಯಾಸೆಟ್ಟು ಅಮೆರಿಕದ ಸಾಮಾನ್ಯ ಯಂತ್ರದಲ್ಲಿ ಓಡುತ್ತಿರಲಿಲ್ಲ, ಏಕೆಂದರೆ ಭಾರತ ಅನುಸರಿಸಿದ್ದು ಸೆಕೆಂಡಿಗೆ 25 ಚಿತ್ರಗಳ ಪಾಲ್ ಪದ್ಧತಿಯನ್ನು, ಅಮೆರಿಕ ಅನುಸರಿಸಿದ್ದು ಸುಮಾರು 30 ಚಿತ್ರಗಳ ಎನ್‌ಟಿಎಸ್‌ಸಿ ಪದ್ಧತಿಯನ್ನು. ಎರಡೂ ಪದ್ಧತಿ ತಿಳಿದ ದುಬಾರಿ ಯಂತ್ರ ಕೊಳ್ಳಬೇಕಿತ್ತು, ಇಲ್ಲವೆ ಕ್ಯಾಸೆಟ್ಟನ್ನೇ ಮಾರ್ಪಡಿಸಿಕೊಳ್ಳಬೇಕಿತ್ತು. ಹೀಗೆ ಬಂದ ಕಾರ್ಯಕ್ರಮ ಹಳೆಯದಾಗಿರುತ್ತಿತ್ತು, ಪ್ರತಿಯಿಂದ ಪ್ರತಿಗೆ ಮಸುಕಾಗುತ್ತಿತ್ತು. ಆದರೂ ಯಾವುದನ್ನು ಕಳಿಸಬೇಕೆಂದು ಊರಿನವರೇ ಯೋಚಿಸಿ ಆರಿಸಿದ್ದರಿಂದ, ಮದುವೆಯ ಚಿತ್ರೀಕರಣವೋ ಊರಹಬ್ಬದ ತುಣುಕೋ ಅದರಲ್ಲಿ ಸೇರಿ, ಊರು ಅದರೊಳಗೆ ದಟ್ಟವಾಗಿಯೇ ಇರುತ್ತಿತ್ತು. ನಿಚ್ಚಳತೆಯಲ್ಲಿ ಸೋತು ಆಪ್ತತೆಯಲ್ಲಿ ಗೆದ್ದ ಸಾಧನ ಅದು.

ಎರಡನೆಯ ಹಂತವು ಕೊಲ್ಲಿ ದೇಶಗಳಿಗೆ ವಿಶಿಷ್ಟವಾದದ್ದು. ಉಪಗ್ರಹದ ಕಿರಣ ನೆಲದ ಮೇಲೆ ಬೀಳುವ ಪ್ರದೇಶಕ್ಕೆ ಪ್ರಸಾರವಲಯ ಎನ್ನಬಹುದು. ಭಾರತಕ್ಕೆಂದು ರೂಪಿಸಿದ ಕಿರಣ ದೇಶದ ಗಡಿಯಲ್ಲಿ ಕತ್ತರಿಸಿದಂತೆ ನಿಲ್ಲದೆ, ಅರಬ್ಬೀ ಸಮುದ್ರವನ್ನು ದಾಟಿ ಮೆಲ್ಲಗೆ ಕ್ಷೀಣಿಸುತ್ತದೆ. ದುಬೈಯಿಂದ ನೋಡಿದರೆ ಜಿಸ್ಯಾಟ್-15 ಕೂಡ ಆಗ್ನೇಯ ದಿಕ್ಕಿನಲ್ಲೇ, ಸುಮಾರು 38 ಡಿಗ್ರಿ ಎತ್ತರದಲ್ಲಿದೆ. ಸಂಕೇತ ದುರ್ಬಲವಾದಷ್ಟೂ ತಟ್ಟೆ ದೊಡ್ಡದಾಗಬೇಕು, ಮತ್ತು ಊರಿನ 60 ಸೆಂ.ಮೀ. ತಟ್ಟೆಯ ಬದಲು 120 ಸೆಂ.ಮೀ. ತಟ್ಟೆ ಇಟ್ಟರೆ ಅಗಲ ಎರಡರಷ್ಟಾದರೂ ಅಲೆಗಳನ್ನು ಹಿಡಿಯುವ ಮೈ ನಾಲ್ಕರಷ್ಟಾಗುತ್ತದೆ. ಜೊತೆಗೆ ತಟ್ಟೆಯ ಮುಂದೆ ಚಾಚಿದ ಕೈಯಲ್ಲಿರುವ ಎಲ್‌ಎನ್‌ಬಿ, ಅಂದರೆ ಬಂದ ಸಂಕೇತವನ್ನು ಹಿಗ್ಗಿಸಿ ತಂತಿಗೆ ಇಳಿಸುವ ಪುಟ್ಟ ಸಾಧನವನ್ನು, ಅದರ ಕೊರಳಿನಲ್ಲಿ ಒಂದಿಷ್ಟು ತಿರುಗಿಸಿ ಸರಿಹೊಂದಿಸಬೇಕು, ಏಕೆಂದರೆ ಅದು ಅಲೆಗಳ ಕಂಪನದ ಓರೆಗೆ ಹೊಂದಿಕೊಂಡಿರಬೇಕು. ಈ ಎರಡನ್ನು ಶ್ರದ್ಧೆಯಿಂದ ಮಾಡಿದವರ ಮನೆಯಲ್ಲಿ, ಮಳೆ ಕಡಿಮೆಯಾದ ಆ ನಾಡಿನಲ್ಲಿ, ಬೇಲೂರಿಗಿಂತಲೂ ಸ್ಥಿರವಾದ ಚಿತ್ರ ಬರುವುದು ಸಾಧ್ಯ. ತಿಂಗಳ ಚಂದಾ ಇಲ್ಲದೆ ದೂರದರ್ಶನದ ಕನ್ನಡ ವಾಹಿನಿಯಾದ ಚಂದನ ಸಿಗುವುದು ಈ ಮಾರ್ಗದ ದೊಡ್ಡ ಗುಣ.

ಆದರೆ ಈ ಮಾರ್ಗದ ದೋಷಗಳನ್ನು ಮರೆಮಾಚುವಂತಿಲ್ಲ. ಕಿರಣದ ಅಂಚಿನಲ್ಲಿರುವವರು ಉಪಗ್ರಹದಲ್ಲಿ ಆಗುವ ಪ್ರತಿ ಬದಲಾವಣೆಗೂ ಮೊದಲು ಸಿಕ್ಕಿಬೀಳುತ್ತಾರೆ. 2010ರ ಜುಲೈನಲ್ಲಿ ಇನ್ಸಾಟ್-4ಬಿ ಉಪಗ್ರಹದ ವಿದ್ಯುತ್ ಪೂರೈಕೆಯಲ್ಲಿ ತೊಂದರೆಯಾಗಿ ಅದರ ಅರ್ಧದಷ್ಟು ಟ್ರಾನ್ಸ್‌ಪಾಂಡರುಗಳನ್ನು, ಅಂದರೆ ನೆಲದಿಂದ ಬಂದ ಸಂಕೇತವನ್ನು ಮರಳಿ ನೆಲಕ್ಕೆ ಕಳಿಸುವ ಘಟಕಗಳನ್ನು, ಮುಚ್ಚಬೇಕಾಯಿತು. ಅದನ್ನೇ ನೆಚ್ಚಿದ್ದ ಖಾಸಗಿ ಡಿಟಿಎಚ್ ಸೇವೆಯೊಂದು ಬೇರೊಂದು ಉಪಗ್ರಹಕ್ಕೆ ವರ್ಗವಾದಾಗ ತಟ್ಟೆಗಳನ್ನು ಮತ್ತೆ ತಿರುಗಿಸಬೇಕಾಯಿತು. ಹೊಸ ಉಪಗ್ರಹದ ಕಿರಣ ಹಳೆಯದರಷ್ಟೇ ದೂರ ಚಾಚುತ್ತದೆಂಬ ಖಾತರಿ ಇಂಥ ಸಂದರ್ಭದಲ್ಲಿ ಯಾರಿಗೂ ಇರುವುದಿಲ್ಲ. ಊರಿನ ವಿಳಾಸದಲ್ಲಿ ಕೊಂಡ ಚಂದಾ ಪೆಟ್ಟಿಗೆಯನ್ನು ಹೊರದೇಶಕ್ಕೆ ಒಯ್ದು, ಊರಿನ ತಮ್ಮನಿಂದ ರೀಚಾರ್ಜ್ ಮಾಡಿಸುವ ರೂಢಿಗೆ ಇನ್ನೊಂದು ದೋಷವಿದೆ: ಭಾರತದ ಡಿಟಿಎಚ್ ಪರವಾನಗಿ ಭಾರತದೊಳಗಿನ ಸೇವೆಗೆ ಮಾತ್ರ ಸಲ್ಲುವಂಥದ್ದು. ತಾಂತ್ರಿಕವಾಗಿ ಚೆನ್ನಾಗಿದ್ದರೂ ಕಾನೂನಿನ ಆಸರೆಯಿಲ್ಲದ ಏರ್ಪಾಡನ್ನು ಬಾಳುವ ಏರ್ಪಾಡೆಂದು ಒಪ್ಪಲಾಗದು.

ಇಂಗ್ಲೆಂಡ್ ಮತ್ತು ಅಮೆರಿಕದ ಮನೆಗಳಿಗೆ ಈ ಆಯ್ಕೆಯೇ ಇಲ್ಲ. ಲಂಡನ್ನಿನಿಂದ ಲೆಕ್ಕ ಹಾಕಿದರೆ 93.5 ಡಿಗ್ರಿಯ ಉಪಗ್ರಹ ದಿಗಂತದ ಕೆಳಗೇ ಉಳಿಯುತ್ತದೆ, ಆದ್ದರಿಂದ ಎಷ್ಟೇ ದೊಡ್ಡ ತಟ್ಟೆ ಇಟ್ಟರೂ ಅದು ಸಿಗದು. ನ್ಯೂ ಜೆರ್ಸಿಗಂತೂ ಭೂಮಿಯ ಉಬ್ಬೇ ಅಡ್ಡವಾಗಿದೆ. ಇಲ್ಲಿನವರು ಮೊದಲಿಗೆ ಆಯಾ ದೇಶದ ಸೇವೆಗಳು ಪರವಾನಗಿ ಪಡೆದು ಕೊಡುತ್ತಿದ್ದ ಕೆಲವೇ ಭಾರತೀಯ ವಾಹಿನಿಗಳನ್ನೂ, ಈಗ ಹೆಚ್ಚಾಗಿ ಇಂಟರ್‌ನೆಟ್ಟನ್ನೂ ನೆಚ್ಚಿದ್ದಾರೆ. 2017ರಲ್ಲಿ ಬಂದ ಸನ್ ನೆಕ್ಸ್ಟ್, 2018ರಲ್ಲಿ ಬಂದ ಝೀ5 ಮೊದಲಾದ ಆ್ಯಪ್‌ಗಳು ಕನ್ನಡ ಧಾರಾವಾಹಿ, ಸಿನಿಮಾಗಳನ್ನು ಹೊರದೇಶದವರ ಕೈಗೆ ನೇರವಾಗಿ ಒಪ್ಪಿಸಿದವು. ಇವು ಕಾರ್ಯಕ್ರಮವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಒಂದೇ ತುಂಡನ್ನು ಹಲವು ದರ್ಜೆಗಳಲ್ಲಿ ಸಿದ್ಧವಿಟ್ಟು, ಮನೆಯ ಸಂಪರ್ಕದ ವೇಗ ನೋಡಿಕೊಂಡು ತಕ್ಕ ದರ್ಜೆಯನ್ನು ಕಳಿಸುತ್ತವೆ. ಆದ್ದರಿಂದ ಇಲ್ಲಿ ಮಳೆಯ ಕಾಟವಿಲ್ಲ, ಆದರೆ ಸಂಪರ್ಕ ಸೊರಗಿದಾಗ ಚಿತ್ರ ಮಂಕಾಗುತ್ತದೆ ಅಥವಾ ಪರದೆಯ ನಡುವೆ ಚಕ್ರ ಸುತ್ತುತ್ತ ನಿಲ್ಲುತ್ತದೆ. ಒಟ್ಟು ವೇಗ ಸಾಕಷ್ಟಿದ್ದೂ ಚಿತ್ರ ನಿಲ್ಲುವ ಮನೆಗಳಲ್ಲಿ ದೋಷ ಬಹುಮಟ್ಟಿಗೆ ಗೋಡೆಗಳನ್ನು ಹಾದುಬರುವ ವೈಫೈಯದು, ಟಿ.ವಿ.ಗೆ ತಂತಿಯನ್ನೇ ಎಳೆದರೆ ಅದು ಸರಿಹೋಗುತ್ತದೆ. ಪ್ರಸಾರದ ಹಕ್ಕುಗಳು ದೇಶವಾರು ಮಾರಾಟವಾಗುವುದರಿಂದ ಊರಿನಲ್ಲಿ ಕಾಣುವ ಎಲ್ಲವೂ ಅಲ್ಲಿ ಕಾಣುವುದಿಲ್ಲ ಎಂಬ ಕೊರತೆಯನ್ನು ಮಾತ್ರ ಯಾವ ತಂತಿಯೂ ತುಂಬಲಾರದು.

ಹಿರಿಯರ ದೃಷ್ಟಿಯಿಂದ ನೋಡಿದಾಗ ಈ ಹೊಸ ಮಾರ್ಗದ ಮೌಲ್ಯ ಇನ್ನಷ್ಟು ಕುಗ್ಗುತ್ತದೆ. ಮಗಳ ಬಾಣಂತನಕ್ಕೆಂದು ಅರಸೀಕೆರೆಯಿಂದ ಹೋಗಿ ಆರು ತಿಂಗಳು ಅಮೆರಿಕದಲ್ಲಿ ಉಳಿಯುವ ತಾಯಿಗೆ ಊರಿನಲ್ಲಿ ಟಿ.ವಿ. ಎಂದರೆ ಒತ್ತಿದೊಡನೆ ಮಾತನಾಡುವ ವಸ್ತು. ವಾಹಿನಿಯ ಸಂಖ್ಯೆ ಬೆರಳಿಗೆ ಗೊತ್ತು, ಸಂಜೆಯ ಧಾರಾವಾಹಿಯ ಹೊತ್ತು ಅಡುಗೆಯ ಹೊತ್ತಿಗೆ ಹೊಂದಿಕೊಂಡಿದೆ. ಅಲ್ಲಿ ಆ್ಯಪ್ ತೆರೆದು, ಇಂಗ್ಲಿಷಿನ ಪಟ್ಟಿಯಲ್ಲಿ ಹುಡುಕಿ, ಪಾಸ್‌ವರ್ಡ್ ಕೊಟ್ಟು ಮುಂದುವರಿಯಬೇಕಾದಾಗ, ಮಗಳೋ ಅಳಿಯನೋ ಕೆಲಸದಿಂದ ಬರುವವರೆಗೆ ಪರದೆ ಕಪ್ಪಾಗಿಯೇ ಇರುತ್ತದೆ. ಊರಿನ ರಾತ್ರಿ ಏಳೂವರೆಯ ನೇರ ಪ್ರಸಾರ ದುಬೈಯಲ್ಲಿ ಸಂಜೆ ಆರಕ್ಕೆ ಬರುವುದರಿಂದ ಅಲ್ಲಿನ ಮನೆಯಲ್ಲಿ ಅದು ಸಂಜೆಯ ಕಾರ್ಯಕ್ರಮವಾಗಿಯೇ ಉಳಿಯುತ್ತದೆ. ಬೇಸಿಗೆಯ ನ್ಯೂ ಜೆರ್ಸಿಯಲ್ಲಿ ಅದು ಬೆಳಗಿನ ಹತ್ತು ಗಂಟೆಗೆ, ಮನೆಯಲ್ಲಿ ಹಿರಿಯರು ಒಂಟಿಯಾಗಿರುವ ಹೊತ್ತಿಗೆ ಬರುತ್ತದೆ. ಬೇಕೆಂದಾಗ ನೋಡಬಹುದೆಂಬ ಸ್ವಾತಂತ್ರ್ಯ ಎಳೆಯರಿಗೆ ವರವಾಗಿದ್ದರೂ, ಊರಿನ ನೆಂಟರು ನೋಡುವ ಹೊತ್ತಿಗೇ ತಾವೂ ನೋಡಿ ಮರುದಿನ ಫೋನಿನಲ್ಲಿ ಅದರ ಬಗ್ಗೆ ಮಾತನಾಡುವ ಹಿರಿಯರ ಸುಖವನ್ನು ಅದು ಕೊಡಲಾರದು. ಮನೆಯ ಟಿ.ವಿ.ಯನ್ನು ಹಚ್ಚಿದೊಡನೆ ಒಂದು ಕನ್ನಡ ವಾಹಿನಿ ತಾನಾಗಿ ತೆರೆದುಕೊಳ್ಳುವಂತೆ ಸಿದ್ಧಪಡಿಸುವುದು ಸಣ್ಣ ಕೆಲಸ. ಒಳ್ಳೆಯ ಏರ್ಪಾಡಿನ ಲಕ್ಷಣಗಳಲ್ಲಿ ಅದಕ್ಕೆ ಚಿತ್ರದ ನಿಚ್ಚಳತೆಯಷ್ಟೇ ಸ್ಥಾನ ಸಲ್ಲಬೇಕು.

ಇಷ್ಟೆಲ್ಲ ಸರಿಹೋದ ಮೇಲೂ ನಾಲ್ಕನೆಯ ಪ್ರಶ್ನೆ ಉಳಿಯುತ್ತದೆ. ಇಂದಿನ ಕನ್ನಡ ಖಾಸಗಿ ವಾಹಿನಿಗಳ ಧಾರಾವಾಹಿ, ಸ್ಪರ್ಧೆ, ಚರ್ಚೆಗಳು ಬಹುಪಾಲು ಬೆಂಗಳೂರಿನ ಸ್ಟುಡಿಯೊಗಳಲ್ಲಿ ಹುಟ್ಟುತ್ತವೆ. ಬೇಲೂರಿನ ಕಾಫಿ ತೋಟಕ್ಕೆ ಆನೆ ಇಳಿದ ಸುದ್ದಿ, ಅರಸೀಕೆರೆಯ ಮಾರುಕಟ್ಟೆಯ ಕೊಬ್ಬರಿ ಧಾರಣೆ, ಆಷಾಢದ ಮಾಲೇಕಲ್ಲು ತಿರುಪತಿ ಜಾತ್ರೆ ಇವುಗಳಿಗೆ ಅವುಗಳಲ್ಲಿ ಸಿಗುವುದು ಒಂದೆರಡು ನಿಮಿಷ. ಕೃಷಿಗೂ ಸಾಹಿತ್ಯಕ್ಕೂ ಸಮಯವಿಟ್ಟ, 2002ರಿಂದ ‘ಥಟ್ ಅಂತ ಹೇಳಿ’ಯಂಥ ರಸಪ್ರಶ್ನೆಯನ್ನು ನಡೆಸಿಕೊಂಡು ಬಂದ ಚಂದನ ವಾಹಿನಿ ಈ ವಿಷಯದಲ್ಲಿ ಮೇಲಾದರೂ ತಾಲ್ಲೂಕಿನ ಮಟ್ಟಕ್ಕೆ ಇಳಿಯುವ ಶಕ್ತಿ ಅದಕ್ಕೂ ಇಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್ 18ರಂದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸಭೆ ನಡೆದದ್ದು ಸೌದಿ ಅರೇಬಿಯದ ರಿಯಾದ್‌ನಲ್ಲಿ. ಅಂದು ಆ ಪ್ರದೇಶದಲ್ಲಿದ್ದ ಕನ್ನಡಿಗರಿಗೆ ತಮ್ಮ ಊರಿನ ಗುಡಿಯ ಚಿತ್ರ ತಾವಿರುವ ನೆಲದಿಂದಲೇ ಜಗತ್ತಿಗೆ ಹೋಯಿತು. ಅಂಥ ದಿನ ಬಿಟ್ಟರೆ ಊರಿನ ದಿನನಿತ್ಯದ ಮುಖವನ್ನು ಹೊರದೇಶಕ್ಕೆ ಮುಟ್ಟಿಸುತ್ತಿರುವವರು ದೊಡ್ಡ ವಾಹಿನಿಗಳಲ್ಲ, ಮೊಬೈಲು ಹಿಡಿದು ಜಾತ್ರೆ, ತೇರುಗಳನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸುವ ಊರಿನ ಯುವಕರು. ಅವರ ಚಿತ್ರ ಅಲುಗಾಡುತ್ತದೆ, ತಮಟೆಯ ಸದ್ದಿಗೆ ಧ್ವನಿ ಒಡೆಯುತ್ತದೆ. ಆದರೂ ಕ್ಯಾಸೆಟ್ಟಿನ ಕಾಲದ ಆಪ್ತತೆ ಇಲ್ಲಿ ತತ್‌ಕ್ಷಣದ ಪ್ರಸಾರದೊಡನೆ ಮತ್ತೆ ಕೂಡಿಕೊಂಡಿದೆ.

ನಾಲ್ಕೂ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ತೂಗಿದರೆ ಯಾವ ಒಂದು ಮಾರ್ಗವೂ ಪೂರ್ಣವಾಗಿ ಗೆಲ್ಲುವುದಿಲ್ಲ. ಕೊಲ್ಲಿ ದೇಶದ ಮನೆಗೆ, ಅಲ್ಲಿನ ಕಟ್ಟಡದ ನಿಯಮ ಒಪ್ಪುವುದಾದರೆ, ಉಚಿತ ವಾಹಿನಿಗಳಿಗೆ ದೊಡ್ಡ ತಟ್ಟೆಯೂ ಖಾಸಗಿ ವಾಹಿನಿಗಳಿಗೆ ಪರವಾನಗಿ ಪಡೆದ ಸೇವೆಯೂ ತಕ್ಕ ಜೋಡಿ. ಅಮೆರಿಕ, ಇಂಗ್ಲೆಂಡಿನ ಮನೆಗೆ ತಂತಿ ಎಳೆದ ಇಂಟರ್‌ನೆಟ್ ಮತ್ತು ಹಿರಿಯರಿಗಾಗಿ ಸರಳಗೊಳಿಸಿದ ಟಿ.ವಿ. ತಕ್ಕ ಜೋಡಿ. ಆದರೆ ಕೊಳ್ಳುವವರ ಎಚ್ಚರಕ್ಕೆ ಒಂದು ಮಿತಿ ಇದೆ: ಪಡೆಯುವ ತುದಿಯನ್ನು ಎಷ್ಟು ತಿದ್ದಿದರೂ ಕಳಿಸುವ ತುದಿಯಲ್ಲಿ ಇಲ್ಲದ್ದು ಪರದೆಗೆ ಬರಲಾರದು. ಉಪಗ್ರಹವನ್ನು ಅದರ ಸ್ಥಾನದಲ್ಲಿ ಹಿಡಿದಿಡುವ ವಿದ್ಯೆ ಹಾಸನದಲ್ಲಿ ನಾಲ್ಕು ದಶಕಗಳಿಂದ ಇದೆ. ಅದೇ ಜಿಲ್ಲೆಯ ಒಂದು ತಾಲ್ಲೂಕಿನ ಬದುಕನ್ನು ಆ ಉಪಗ್ರಹಕ್ಕೆ ಏರಿಸುವ ಕಾಳಜಿ ವಾಹಿನಿಗಳಲ್ಲಿ ಇನ್ನೂ ಬೆಳೆಯಬೇಕಾಗಿದೆ. ಚೈತ್ರದಲ್ಲಿ ಬೇಲೂರಿನ ಚನ್ನಕೇಶವನ ತೇರು ಹೊರಟಾಗ, ದುಬೈಯ ಮನೆಯಲ್ಲೂ ನ್ಯೂ ಜೆರ್ಸಿಯ ಮನೆಯಲ್ಲೂ ಕುಳಿತವರು ಆ ತೇರಿನ ಹಗ್ಗ ಹಿಡಿದವರಲ್ಲಿ ತಮ್ಮವರ ಮುಖವನ್ನು ಗುರುತಿಸಲು ಸಾಧ್ಯವಾದರೆ, ಅಲ್ಲಿ ಚಿತ್ರ ಚೆನ್ನಾಗಿ ಬರುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು.