ಮರುಮಾತು ಕಸಿದ ಮೇಲೆ

ನಮ್ಮ ಮಾತಿನಲ್ಲಿ ‘ಮರುಮಾತು’ ಎಂಬ ಪದಕ್ಕೆ ಎರಡು ಅರ್ಥ. ಒಬ್ಬರು ಆಡಿದ್ದಕ್ಕೆ ಇನ್ನೊಬ್ಬರು ಕೊಡುವ ಉತ್ತರ ಮೊದಲನೆಯದು. ಮೇಲಿನವರ ಅಪ್ಪಣೆಗೆ ಆಡುವ ಎದುರುಮಾತು ಎರಡನೆಯದು. ‘ಮರುಮಾತಾಡದೆ ಹೋದ’ ಅಂದರೆ ಹೇಳಿದ್ದನ್ನು ಒಪ್ಪಿಕೊಂಡು ಹೋದ ಎಂದೇ ಲೆಕ್ಕ. ಈಜಿಪ್ಟಿನ ಬ್ಲಾಗರ್ ಅಲಾ ಅಬ್ದುಲ್ ಫತ್ತಾಹ್ ಅವರ ‘ಯೂ ಹ್ಯಾವ್ ನಾಟ್ ಯೆಟ್ ಬೀನ್ ಡಿಫೀಟೆಡ್’ (ನೀವಿನ್ನೂ ಸೋತಿಲ್ಲ) ಓದುತ್ತ ಹೋದಂತೆ ಈ ಪದ ಮನಸ್ಸಿನಲ್ಲಿ ಕೂತುಬಿಟ್ಟಿತು. ಈ ಪುಸ್ತಕವನ್ನು ಎಲ್ಲರೂ ಧೈರ್ಯದ ಪುಸ್ತಕ ಎನ್ನುತ್ತಾರೆ. ನನಗೆ ಮಾತ್ರ ಇದು ಸಂಭಾಷಣೆಯ ಪುಸ್ತಕ, ಅಂದರೆ ಒಂದು ಸಂಭಾಷಣೆಯನ್ನು ಹಂತಹಂತವಾಗಿ ಕೊಂದ ದಾಖಲೆ.

2021ರಲ್ಲಿ ಲಂಡನ್ನಿನ ಫಿಟ್ಸ್‌ಕರಾಲ್ಡೊ ಎಡಿಷನ್ಸ್ ಇದನ್ನು ಹೊರತಂದಾಗ ಲೇಖಕರು ಕೈರೋದ ತೋರಾ ಜೈಲಿನಲ್ಲಿದ್ದರು. 2011ರಿಂದ 2021ರವರೆಗಿನ ಲೇಖನಗಳು, ಜೈಲಿನ ಪತ್ರಗಳು, ಟ್ವೀಟುಗಳು, ಫೇಸ್‌ಬುಕ್ ಬರಹಗಳು, ಸಂದರ್ಶನಗಳು, ವಿಚಾರಣೆ ವೇಳೆ ಆಡಿದ ಮಾತುಗಳು ಕಾಲಾನುಕ್ರಮದಲ್ಲಿ ಇಲ್ಲಿವೆ. ಮುನ್ನುಡಿ ಲೇಖಕಿ ನವೋಮಿ ಕ್ಲೈನ್ ಅವರದು. ಅರಬ್ಬಿಯಿಂದ ಇಂಗ್ಲಿಷಿಗೆ ತಂದದ್ದು ಹೆಸರು ಹಾಕಿಕೊಳ್ಳದ ಒಂದು ಬಳಗ. ಅನುವಾದಕರ ಹೆಸರು ಇರಬೇಕಾದ ಜಾಗ ಖಾಲಿ ಬಿದ್ದಿರುವುದನ್ನು ನೋಡಿದರೇ ಆ ದೇಶದ ಹವೆ ಎಂಥದೆಂದು ತಿಳಿಯುತ್ತದೆ.

ಅಲಾ 1981ರಲ್ಲಿ ಹುಟ್ಟಿದವರು, ವೃತ್ತಿಯಿಂದ ಪ್ರೋಗ್ರಾಮರ್. ಲಿನಕ್ಸ್ ಮತ್ತು ಮುಕ್ತ ತಂತ್ರಾಂಶದ ಗೀಳಿನವರು. 2004ರಲ್ಲಿ ಹೆಂಡತಿ ಮನಾಲ್ ಜತೆ ಶುರುಮಾಡಿದ ಬ್ಲಾಗು ತಮ್ಮಿಬ್ಬರ ಬರಹಕ್ಕಷ್ಟೇ ಮೀಸಲಾಗಿರಲಿಲ್ಲ. ಈಜಿಪ್ಟಿನ ಬ್ಲಾಗುಗಳೆಲ್ಲ ಒಂದೇ ಕಡೆ ಕಾಣುವ ಹಾಗೆ ಅವನ್ನು ಜೋಡಿಸಿಕೊಟ್ಟಿತು. ಊರಿನ ಅಶ್ವತ್ಥಕಟ್ಟೆ ಇದ್ದಂತೆ: ಎಡಪಂಥದವರು, ಇಸ್ಲಾಂವಾದಿಗಳು, ಯಾವ ಪಂಥಕ್ಕೂ ಸೇರದ ಹುಡುಗಿಯರು, ಎಲ್ಲರೂ ಬಂದು ಕೂತರು, ಜಗಳವಾಡಿದರು. ಅಧ್ಯಕ್ಷ ಹೋಸ್ನಿ ಮುಬಾರಕ್ ಆಳ್ವಿಕೆಗೆ ಆಗ ಕಾಲು ಶತಮಾನ ತುಂಬುತ್ತ ಬಂದಿತ್ತು. ಪತ್ರಿಕೆಗಳಿದ್ದವು, ಟೀವಿ ಇತ್ತು. ಆದರೆ ಅವು ಆಡುತ್ತಿದ್ದವು, ಜನ ಕೇಳುತ್ತಿದ್ದರು. ತಿರುಗಿ ಆಡುವ ಜಾಗ ಹುಟ್ಟಿದ್ದು ಬ್ಲಾಗಿನಲ್ಲಿ. ಪೊಲೀಸ್ ಠಾಣೆಯಲ್ಲಿ ಒಬ್ಬ ಮಿನಿಬಸ್ ಚಾಲಕನನ್ನು ಹಿಂಸಿಸಿದ ವಿಡಿಯೊವನ್ನು 2006ರಲ್ಲಿ ವಾಇಲ್ ಅಬ್ಬಾಸ್ ಎಂಬ ಬ್ಲಾಗರ್ ಬಯಲಿಗಿಟ್ಟರು. ಮರುವರ್ಷ ಪೊಲೀಸರು ಜೈಲಿಗೆ ಹೋಗಬೇಕಾಯಿತು. ಅದೇ 2007ರಲ್ಲಿ ಕರೀಂ ಆಮಿರ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಯುವಕನಿಗೆ ನಾಲ್ಕು ವರ್ಷ ಸಜೆಯಾಯಿತು. ಇಸ್ಲಾಮನ್ನು ನಿಂದಿಸಿದ್ದಕ್ಕೆ ಮೂರು ವರ್ಷ, ಅಧ್ಯಕ್ಷರನ್ನು ನಿಂದಿಸಿದ್ದಕ್ಕೆ ಒಂದು. ದೇವರಿಗೆ ಮೂರು, ಅಧ್ಯಕ್ಷರಿಗೆ ಒಂದು ಎಂದು ಪಾಲು ಹಾಕಿದ ನ್ಯಾಯಾಲಯದ ತಕ್ಕಡಿಗೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಅಲಾ ಸ್ವತಃ ಮೊದಲು ಸೆರೆಯಾದದ್ದು 2006ರಲ್ಲಿ, ನ್ಯಾಯಾಧೀಶರ ಸ್ವಾತಂತ್ರ್ಯಕ್ಕಾಗಿ ನಡೆದ ಪ್ರತಿಭಟನೆಯಲ್ಲಿ. ಆದರೆ ಪುಸ್ತಕ ಆ ಕಾಲವನ್ನು ಬಿಟ್ಟು 2011ರಿಂದ ಆರಂಭವಾಗುತ್ತದೆ. ಜನವರಿ 28ರ ಆಸುಪಾಸಿನಲ್ಲಿ ಮುಬಾರಕ್ ಸರ್ಕಾರ ಇಡೀ ದೇಶದ ಇಂಟರ್ನೆಟ್ ಕಡಿದುಹಾಕಿತು. ಜನ ಸುದ್ದಿ ತಿಳಿಯಲು ಬೀದಿಗೇ ಇಳಿದರು, ತಹ್ರೀರ್ ಚೌಕ ತುಂಬಿತು. ದಕ್ಷಿಣ ಆಫ್ರಿಕಾದಲ್ಲಿ ಕೆಲಸದಲ್ಲಿದ್ದ ಅಲಾ ಊರಿಗೆ ಮರಳಿದರು. ಮುಬಾರಕ್ ಇಳಿದ ಮೇಲಿನ ಆ ದಿನಗಳ ಬರಹದಲ್ಲಿ ನನಗೆ ಬಹಳ ಹಿಡಿಸಿದ್ದು ಸಂವಿಧಾನವನ್ನು ಯಾರು ಬರೆಯಬೇಕು ಎಂದು ಕೇಳುವ ಲೇಖನ. 1955ರಲ್ಲಿ ದಕ್ಷಿಣ ಆಫ್ರಿಕಾದ ಸ್ವಾತಂತ್ರ್ಯ ಸನ್ನದು ಸಿದ್ಧವಾಗುವ ಮುನ್ನ ಸ್ವಯಂಸೇವಕರು ಕೇರಿಕೇರಿ ಅಲೆದು ಜನರ ಬೇಡಿಕೆಗಳನ್ನು ಬರೆದುಕೊಂಡ ಬಗೆಯನ್ನು ಅಲಾ ಅಲ್ಲಿ ನೆನೆಯುತ್ತಾರೆ. ತಜ್ಞರು ಬರೆದು ಜನರಿಗೆ ಓದಿಹೇಳುವುದಲ್ಲ, ಜನ ಆಡಿದ್ದನ್ನು ತಜ್ಞರು ಬರೆದುಕೊಳ್ಳುವುದು. ಬ್ಲಾಗಿನ ಕಟ್ಟೆಯನ್ನು ದೇಶದಷ್ಟು ದೊಡ್ಡದು ಮಾಡುವ ಕನಸು ಅದು.

ಕನಸಿನ ಎದುರು ಬಂದು ನಿಂತದ್ದು ಹೆಣಗಳ ಕೋಣೆ. 2011ರ ಅಕ್ಟೋಬರ್ 9ರಂದು ಕೈರೋದ ಮಾಸ್ಪೆರೊದಲ್ಲಿ ಕಾಪ್ಟಿಕ್ ಕ್ರೈಸ್ತರ ಮೆರವಣಿಗೆಯ ಮೇಲೆ ಸೇನೆ ಎರಗಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ರಾತ್ರಿ ಅಲಾ ಮತ್ತು ಗೆಳೆಯರು ಆಸ್ಪತ್ರೆಯಲ್ಲಿ ಉಳಿದು, ದುಃಖದಲ್ಲಿ ಕುಸಿದ ಮನೆಯವರನ್ನು ಶವಪರೀಕ್ಷೆಗೆ ಒಪ್ಪಿಸಲು ಹೆಣಗಿದರು. ಬೇಗ ಮಣ್ಣು ಮಾಡಬೇಕೆಂಬ ಸಂಕಟ ಒಂದು ಕಡೆ, ಸಾವಿನ ಕಾರಣ ಕಾಗದದ ಮೇಲೆ ಬರದಿದ್ದರೆ ನಾಳೆ ಸರ್ಕಾರ ಹೇಳಿದ್ದೇ ಸತ್ಯವಾಗುತ್ತದೆಂಬ ಭಯ ಇನ್ನೊಂದು ಕಡೆ. ಈ ಲೇಖನದಲ್ಲಿ ಘೋಷಣೆ ಇಲ್ಲ, ಸಿಟ್ಟೂ ಮೇಲೆ ಕಾಣದು. ಇರುವುದು ಬೆವರು, ಸೆಕೆ, ಹೆಣದ ಪಕ್ಕದಲ್ಲಿ ನಡೆಯುವ ವಾದ. ಪುಸ್ತಕದ ಅತ್ಯುತ್ತಮ ಗದ್ಯ ಇದೇ. ಇದನ್ನು ಬರೆದ ಕೆಲವೇ ದಿನಗಳಲ್ಲಿ ಸೇನಾ ಅಭಿಯೋಜಕರು ಅಲಾ ಅವರನ್ನು ಕರೆಸಿದರು. ನಾಗರಿಕನನ್ನು ವಿಚಾರಿಸಲು ಸೇನೆಗೆ ಹಕ್ಕಿಲ್ಲ ಎಂದು ಅವರು ಉತ್ತರಿಸಲು ಒಪ್ಪಲಿಲ್ಲ. ಮಾತಿನ ಮನುಷ್ಯ ಮೌನವನ್ನೇ ಮರುಮಾತು ಮಾಡಿಕೊಂಡ ಆ ಒಂದು ಗಳಿಗೆ ಅವರನ್ನು ಜೈಲಿಗೆ ಕಳಿಸಿತು. ಡಿಸೆಂಬರಿನಲ್ಲಿ ಮಗ ಹುಟ್ಟಿದಾಗ ಅಪ್ಪ ಸೆರೆಯಲ್ಲಿ. 2010ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಪೊಲೀಸರ ಹೊಡೆತಕ್ಕೆ ಸತ್ತ ಖಾಲಿದ್ ಸಯೀದ್ ನೆನಪಿಗೆ ಮಗುವಿಗೆ ಖಾಲಿದ್ ಎಂದು ಹೆಸರಿಟ್ಟರು. ಜೈಲಿನ ಭೇಟಿಯಲ್ಲಿ ಆ ಕೂಸಿನೊಡನೆ ಸಿಕ್ಕ ಅರ್ಧ ಗಂಟೆಯ ಬಗ್ಗೆ ಬರೆದ ಪತ್ರ ಕಣ್ಣು ತೇವ ಮಾಡುತ್ತದೆ.

ಸೆರೆ ಈ ಮನೆಗೆ ಹೊಸತಲ್ಲ. ತಂದೆ ಅಹ್ಮದ್ ಸೈಫ್ ಮಾನವ ಹಕ್ಕುಗಳ ವಕೀಲರು. 80ರ ದಶಕದಲ್ಲಿ ಐದು ವರ್ಷ ಜೈಲಿನಲ್ಲಿದ್ದು ಚಿತ್ರಹಿಂಸೆ ಅನುಭವಿಸಿದವರು. ಮಗಳು ಮೋನಾ ಹುಟ್ಟಿದಾಗ ಅವರೂ ಒಳಗಿದ್ದರು. 2014ರ ಆಗಸ್ಟಿನಲ್ಲಿ ಅವರು ತೀರಿಕೊಂಡಾಗ ಮಗ ಅಲಾ, ಕಿರಿಯ ಮಗಳು ಸನಾ ಇಬ್ಬರೂ ಜೈಲಿನಲ್ಲಿ. ಆಸ್ತಿಯಂತೆ ಅಪ್ಪನಿಂದ ಮಗನಿಗೆ ಸೆರೆಮನೆ ಇಳಿದುಬಂದ ಕಥೆ ಇದು.

ಸೇನೆ ಮತ್ತೆ ಅಧಿಕಾರ ಹಿಡಿದ 2013ರ ನಂತರ ಪುಸ್ತಕದ ದನಿಯೇ ಬೇರೆ. ಪ್ರತಿಭಟನೆಗೆ ಕಡಿವಾಣ ಹಾಕುವ ಕಾನೂನನ್ನು ವಿರೋಧಿಸಿದ್ದಕ್ಕೆ ಆ ನವೆಂಬರಿನಲ್ಲಿ ಬಂಧನ, 2015ರಲ್ಲಿ ಐದು ವರ್ಷ ಸಜೆ. ಮೊದಲಿನ ಸೆರೆವಾಸಗಳಿಗೆ ಒಂದು ಅರ್ಥವಿತ್ತು, ಈಗ ಅದೂ ಇಲ್ಲ, ಹೊರಗಿದ್ದು ಏನೂ ಮಾಡಲಾಗದ ಪಾಪಪ್ರಜ್ಞೆಯಿಂದ ಬಿಡುಗಡೆ ಸಿಕ್ಕಿದ್ದಷ್ಟೇ ಲಾಭ ಎಂಬರ್ಥದ ಮಾತನ್ನು ತಂಗಿಯರಿಗೆ ಬರೆಯುತ್ತಾರೆ. ಹೋರಾಟಗಾರರು ಇಂಥದ್ದನ್ನು ಒಪ್ಪಿಕೊಳ್ಳುವುದು ಅಪರೂಪ. 2016ರ ಹೊತ್ತಿಗೆ, ಕ್ರಾಂತಿಗೆ ಐದು ತುಂಬಿದಾಗ, ತನ್ನ ಮಾತು ಕಳೆದುಹೋದದ್ದರ ಬಗ್ಗೆ ಮಾತ್ರ ಬರೆಯಬಲ್ಲೆ ಎಂಬಲ್ಲಿಗೆ ಬಂದು ನಿಂತರು. ಇದನ್ನು ಓದುಗ ನಿರಾಶೆ ಎಂದು ಓದಬಹುದು. ನಾನು ಹಾಗೆ ಓದಲಾರೆ. ಕಟ್ಟೆಯ ಮೇಲೆ ಬೆಳೆದ ಬರಹಗಾರನಿಗೆ ಎದುರು ಕೂತವರೇ ಬರಹದ ಬೇರು. ಸೆರೆಮನೆ ಅವನಿಂದ ಕಿತ್ತುಕೊಳ್ಳುವುದು ಪೆನ್ನನ್ನಲ್ಲ, ಎದುರು ಕೂತವನನ್ನು. ಜೈಲಿನ ಬರಹಗಳಲ್ಲಿ ಕವಿ ಅಹ್ಮದ್ ದೌಮಾ ಜತೆ ಕೂಡಿ ಕಟ್ಟಿದ ‘ಗ್ರಾಫಿಟಿ ಫಾರ್ ಟೂ’ ಮಾತ್ರ ಜೀವ ತುಂಬಿಕೊಂಡಿರುವುದೇಕೆ ಎಂಬುದೂ ಇದರಿಂದ ತಿಳಿಯುತ್ತದೆ. ಬೇರೆ ಬೇರೆ ಕೋಣೆಗಳಲ್ಲಿದ್ದ ಇಬ್ಬರೂ ಕೂಗಿ ಕೂಗಿ ಆಡಿಕೊಂಡ ಮಾತು ಅದು. ಗೋಡೆಯಾಚೆಯಿಂದಾದರೂ ಮರುಮಾತು ಬರುತ್ತಿತ್ತು.

2019ರ ಮಾರ್ಚಿನಲ್ಲಿ ಬಿಡುಗಡೆಯಾದರೂ ದಿನಕ್ಕೆ ಹನ್ನೆರಡು ಗಂಟೆ, ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ, ಠಾಣೆಯಲ್ಲೇ ಕಳೆಯಬೇಕು ಎಂಬ ಷರತ್ತು. ಆರು ತಿಂಗಳಿಗೆ, ಸೆಪ್ಟೆಂಬರ್ 29ರಂದು, ಮತ್ತೆ ಬಂಧನ. ವಿಚಾರಣೆಗೆ ಹಾಜರಾಗಲು ಬಂದ ವಕೀಲ ಮೊಹಮದ್ ಬಾಕರ್ ಅವರನ್ನೂ ಹಿಡಿದು ಒಳಗೆ ಹಾಕಿದರು. ಪುಸ್ತಕದ ಕೊನೆಯ ಭಾಗದಲ್ಲಿ ಅಲಾಗೆ ಉಳಿದ ಏಕೈಕ ಶ್ರೋತೃ ತನ್ನ ಬಂಧನವನ್ನು ಮತ್ತೆ ಮತ್ತೆ ವಿಸ್ತರಿಸುವ ಅಧಿಕಾರಿ. ಓದಲು ಪುಸ್ತಕವಿಲ್ಲ, ಕೇಳಲು ರೇಡಿಯೊ ಇಲ್ಲ, ಬಿಸಿಲಿಗೆ ಬರುವಂತಿಲ್ಲ ಎಂದು ಅವನಿಗೇ ವಿವರಿಸಬೇಕು, ಅವನು ಅದನ್ನು ಬರೆದುಕೊಂಡು ಮುಂದಿನ ತಾರೀಖು ಕೊಡುತ್ತಾನೆ. ಕಟ್ಟೆಯ ಮೇಲೆ ಸಾವಿರಾರು ಜನರೊಡನೆ ಶುರುವಾದ ಮಾತುಕತೆ ಮೇಜಿನಾಚೆಯ ಒಬ್ಬ ಗುಮಾಸ್ತನಿಗೆ ಬಂದು ಮುಟ್ಟಿತು. ಅದೇ ಕಾಲದಲ್ಲಿ, 2020ರ ಜೂನಿನಲ್ಲಿ, ತಾಯಿ ಲೈಲಾ ಸೊಯಿಫ್ ಮಗನ ಒಂದು ಕಾಗದಕ್ಕಾಗಿ ತೋರಾ ಜೈಲಿನ ಹೊರಗೆ ರಾತ್ರಿ ಮಲಗಿ ಕಾದರು. ಅಲ್ಲೇ ಅವರ ಮೇಲೆ, ಹೆಣ್ಣುಮಕ್ಕಳ ಮೇಲೆ ಹಲ್ಲೆಯಾಯಿತು. ದೂರು ಕೊಡಲು ಹೋದ ಸನಾರನ್ನೇ ಬಂಧಿಸಿ ಮುಂದೆ ಒಂದೂವರೆ ವರ್ಷದ ಶಿಕ್ಷೆ ಕೊಟ್ಟರು.

ಪುಸ್ತಕದ ಕೊರತೆಗಳನ್ನೂ ಹೇಳಬೇಕು. ಟ್ವೀಟುಗಳು ಅಚ್ಚಿನಲ್ಲಿ ಜೀವ ಹಿಡಿಯುವುದಿಲ್ಲ. ಯಾರಿಗೆ, ಯಾವ ಮಾತಿಗೆ ಉತ್ತರ ಕೊಟ್ಟರು ಎಂಬುದು ಬಹುಪಾಲು ಕಾಣದಿರುವುದರಿಂದ, ಪಕ್ಕದವರು ಫೋನಿನಲ್ಲಿ ಮಾತಾಡುವುದನ್ನು ಕೇಳಿದಂತಾಗುತ್ತದೆ. ಸಂಪಾದಕರು ಅರಿತೋ ಅರಿಯದೆಯೋ ಸರ್ಕಾರ ಮಾಡಿದ್ದನ್ನೇ ಇನ್ನೊಂದು ರೀತಿಯಲ್ಲಿ ಮಾಡಿದ್ದಾರೆ: ಮರುಮಾತುಗಳನ್ನು ಕತ್ತರಿಸಿ ಒಬ್ಬರ ದನಿಯನ್ನು ಉಳಿಸಿದ್ದಾರೆ. ಊಬರ್ ಮತ್ತು ಯಂತ್ರಗಳು ಕೆಲಸ ಕಸಿಯುವುದರ ಬಗ್ಗೆ ಬರೆದ ಲೇಖನಮಾಲೆ ಚುರುಕಾಗಿದ್ದರೂ, ಜೈಲಿನ ಕತ್ತಲಿನ ನಡುವೆ ಎಲ್ಲಿಂದಲೋ ತಂದಿಟ್ಟಂತೆ ಕೂತಿದೆ. ಈಜಿಪ್ಟಿನ ರಾಜಕೀಯದ ಒಳಸುಳಿ ತಿಳಿಯದವರಿಗೆ ಹಲವು ಪುಟಗಳು ಕಗ್ಗಂಟು.

ಇನ್ನೂ ದೊಡ್ಡ ಅಪಾಯ ಅಲಾ ಅವರನ್ನು ಸಂತನನ್ನಾಗಿ ಮಾಡುವ ಆಸೆ. 2014ರಲ್ಲಿ ಯುರೋಪಿಯನ್ ಸಂಸತ್ತಿನ ಎಡಪಂಥೀಯ ಗುಂಪು ಅವರನ್ನು ಸಖರೋವ್ ಪ್ರಶಸ್ತಿಗೆ ಸೂಚಿಸಿತು. 2012ರಲ್ಲಿ ಇಸ್ರೇಲಿಗಳ ಮೇಲಿನ ಹಿಂಸೆಯನ್ನು ಮೆಚ್ಚುವಂತೆ ಮಾಡಿದ್ದ ಟ್ವೀಟ್ ಬೆಳಕಿಗೆ ಬಂದಾಗ ಅದೇ ಗುಂಪು ಸೂಚನೆ ಹಿಂತೆಗೆದುಕೊಂಡಿತು. ಅಂಥ ಮಾತನ್ನು ನಾನು ಸಮರ್ಥಿಸಲಾರೆ. ಪ್ರಶಸ್ತಿ ಕೊಡದಿರುವ ಹಕ್ಕು ಕೊಡುವವರಿಗಿದೆ. ಆದರೆ ಸೆರೆಯ ಪ್ರಶ್ನೆ ಬೇರೆ. ಅಸಹ್ಯ ಮಾತಿಗೆ ಜನ ಮರುಮಾತಾಡಬಹುದು, ಆಡಬೇಕು. ಸರ್ಕಾರ ಅವರನ್ನು ಕೂಡಿಹಾಕಿದ್ದು ಆ ಟ್ವೀಟಿಗಲ್ಲ. 2021ರ ಡಿಸೆಂಬರ್ 20ರಂದು ಐದು ವರ್ಷ ಶಿಕ್ಷೆ ಬಿದ್ದದ್ದು ಕೈದಿಯೊಬ್ಬ ಚಿತ್ರಹಿಂಸೆಯಿಂದ ಸತ್ತ ಎಂಬ ಬರಹವೊಂದನ್ನು ಫೇಸ್‌ಬುಕ್ಕಿನಲ್ಲಿ ಹಂಚಿಕೊಂಡದ್ದಕ್ಕೆ. ಆರೋಪದ ಹೆಸರು ‘ಸುಳ್ಳು ಸುದ್ದಿ ಹರಡಿದ್ದು’. ಅದೇ ತೀರ್ಪಿನಲ್ಲಿ ವಕೀಲ ಬಾಕರ್ ಅವರಿಗೂ, ‘ಆಕ್ಸಿಜನ್’ ಎಂಬ ಬ್ಲಾಗಿನ ಮೊಹಮದ್ ಇಬ್ರಾಹಿಂ ಅವರಿಗೂ ತಲಾ ನಾಲ್ಕು ವರ್ಷ.

ಇಲ್ಲಿ ನಮ್ಮ ಕಡೆಯ ಒಂದು ಪ್ರಸಂಗ ನೆನಪಾಗುತ್ತದೆ. 2012ರಲ್ಲಿ ಬಾಳ ಠಾಕ್ರೆ ನಿಧನದ ನಂತರ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಬರೆದಳು, ಗೆಳತಿಯೊಬ್ಬಳು ಅದಕ್ಕೆ ಲೈಕ್ ಒತ್ತಿದಳು. ಪೊಲೀಸರು ಇಬ್ಬರನ್ನೂ ಹಿಡಿದರು. ಬರೆದವಳನ್ನು ಹಿಡಿಯುವುದರ ಹಿಂದೆ ಒಂದು ಹಳೆಯ ತರ್ಕವಿದೆ, ಆದರೆ ಲೈಕ್ ಒತ್ತಿದವಳನ್ನು? ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು, ಆ ಬಂಧನಕ್ಕೆ ಬಳಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿತು. ಸತ್ತ ಕಲಮಿನ ಕೆಳಗೆ ಆಮೇಲೂ ಕೇಸು ಹಾಕುತ್ತಿದ್ದುದು ತಿಳಿದು 2021ರಲ್ಲಿ ಅದೇ ನ್ಯಾಯಾಲಯ ಬೆರಗುಪಟ್ಟಿತು. ಈಜಿಪ್ಟ್ ಬೇರೆ, ನಾವು ಬೇರೆ. ಅಲ್ಲಿ ಇಂಥ ನ್ಯಾಯಾಲಯ ಅಲಾಗೆ ಸಿಗಲಿಲ್ಲ. ಆದರೆ ಲೈಕ್ ಮತ್ತು ಶೇರ್ ಎಂಬ ಎರಡು ಚಿಕ್ಕ ಮರುಮಾತುಗಳಿಗೆ ಎರಡೂ ಕಡೆಯ ಠಾಣೆಗಳು ಬೆದರಿದವು. 2018ರ ಈಜಿಪ್ಟಿನ ಮಾಧ್ಯಮ ಕಾನೂನು 5,000ಕ್ಕಿಂತ ಹೆಚ್ಚು ಹಿಂಬಾಲಕರಿರುವ ವೈಯಕ್ತಿಕ ಖಾತೆಯನ್ನೂ ಸುದ್ದಿಮಾಧ್ಯಮದಂತೆ ಕಂಡು ನಿಯಂತ್ರಣಕ್ಕೆ ತರುತ್ತದೆ. ಒಬ್ಬ ಏನು ಆಡಿದ ಎನ್ನುವುದಕ್ಕಿಂತ ಎಷ್ಟು ಜನ ಅವನ ಎದುರು ಕೂತಿದ್ದಾರೆ ಎಂದು ಎಣಿಸುವ ಕಾನೂನು ಅದು.

ಪುಸ್ತಕದ ಶೀರ್ಷಿಕೆ ಬಂದಿರುವುದು 2017ರಲ್ಲಿ ಡಿಜಿಟಲ್ ಹಕ್ಕುಗಳ ಸಮಾವೇಶವೊಂದಕ್ಕೆ ಜೈಲಿನಿಂದ ಕಳಿಸಿದ ಪತ್ರದಿಂದ. ಅಲ್ಲಿನ ‘ನೀವು’ ಪಶ್ಚಿಮದ ಗೆಳೆಯರು. ನಮ್ಮನ್ನು ಉದ್ಧರಿಸುವ ಮೊದಲು ನಿಮ್ಮ ಪ್ರಜಾಪ್ರಭುತ್ವವನ್ನು ರಿಪೇರಿ ಮಾಡಿಕೊಳ್ಳಿ ಎಂಬುದು ಅದರ ಸಾರ. ತಾನು ಸೋತಿದ್ದೇನೆ ಎಂದು ಮೊದಲು ಒಪ್ಪಿಕೊಂಡು ಆಮೇಲೆ ಎದುರಿನವರಿಗೆ ಹೇಳುವ ಮಾತಿದು, ಆದ್ದರಿಂದ ಉಪದೇಶದಂತೆ ಕೇಳುವುದಿಲ್ಲ.

ಪುಸ್ತಕ ಮುಗಿದ ಮೇಲಿನದು ಲೆಕ್ಕದ ಕಥೆ. 2019ರ ಸೆಪ್ಟೆಂಬರಿನಿಂದ ಐದು ವರ್ಷ ಎಣಿಸಿದರೆ 2024ರ ಸೆಪ್ಟೆಂಬರಿಗೆ ಸಜೆ ಮುಗಿಯಬೇಕು. ವಿಚಾರಣೆಗೆ ಮುಂಚಿನ ಎರಡು ವರ್ಷ ಚಿಲ್ಲರೆಯನ್ನು ಸರ್ಕಾರ ಸೊನ್ನೆ ಎಂದು ಬರೆದುಕೊಂಡು, ತೀರ್ಪು ಊರ್ಜಿತವಾದ 2022ರ ಜನವರಿಯಿಂದ ಎಣಿಸಿ 2027 ಎಂದಿತು. ತಾಯಿ ಲೈಲಾ ಕೈರೋ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕಿ. ಈ ಕಳೆಯುವ ಲೆಕ್ಕವನ್ನು ಅವರು ಒಪ್ಪಲಿಲ್ಲ. ಮಗ ಹೊರಬರಬೇಕಾಗಿದ್ದ ದಿನದಿಂದ ಊಟ ಬಿಟ್ಟರು. ಉಪವಾಸ ಅವರನ್ನು ಲಂಡನ್ನಿನ ಆಸ್ಪತ್ರೆಯವರೆಗೂ ಕೊಂಡೊಯ್ದು 2025ರ ಜುಲೈವರೆಗೆ ನಡೆಯಿತು. ಆ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಸಿಸಿ ಕ್ಷಮಾದಾನ ಕೊಟ್ಟರು, ಅಲಾ ಮನೆಗೆ ಬಂದರು.

ಕ್ಷಮೆ ಎಂದರೆ ತಪ್ಪು ನಿನ್ನದು, ದೊಡ್ಡತನ ನನ್ನದು ಎಂದರ್ಥ. ಅದಕ್ಕೆ ಮರುಮಾತಾಡುವಂತಿಲ್ಲ. ಸಜೆ ಹಾಕಿಸಿದ ಕಾನೂನುಗಳು ಈಜಿಪ್ಟಿನಲ್ಲಿ ಹಾಗೇ ಇವೆ. 2027ರ ಲೆಕ್ಕ ತಪ್ಪೆಂದು ಸರ್ಕಾರ ಇವತ್ತಿಗೂ ಹೇಳಿಲ್ಲ. ಗಣಿತದ ಮೇಡಂ ತಿದ್ದಿಕೊಟ್ಟ ಆ ಲೆಕ್ಕಕ್ಕೆ ಉತ್ತರ ಇನ್ನೂ ಬಾಕಿ ಇದೆ.